ಕಂಪನಿಯ ಗೋತ್ರ ಯಾವುದು?

“ಆ ಸಾಲೇ ಕಾಣ್ತಾ ಇಲ್ಲ” ಎಂದು ಕಿಟ್ಟಿ ಲ್ಯಾಪ್‌ಟಾಪನ್ನು ನಂಜುಂಡಿಯ ಕಡೆ ತಿರುಗಿಸಿದ.

ನವೆಂಬರ್ ಬಂತೆಂದರೆ ಅಮೆರಿಕದ ಆಫೀಸುಗಳಲ್ಲಿ ಮುಂದಿನ ವರ್ಷದ ಇನ್ಶೂರೆನ್ಸ್ ಆರಿಸಿಕೊಳ್ಳುವ ಕಾಲ. ಟೆಕ್ಸಸ್ಸಿನ ಪ್ಲೇನೋದಲ್ಲಿ, ನಂಜುಂಡಿ ಮನೆಯ ಕಡ್ಲೆಪುರಿ ಬೋಗುಣಿಯ ಸುತ್ತ ಡಿಡಕ್ಟಬಲ್, ಕೋಪೇ, ಔಟ್ ಆಫ್ ನೆಟ್‌ವರ್ಕ್ ಎಂಬ ಬೀಜಾಕ್ಷರಗಳ ಜಪ ನಡೆದಿತ್ತು. ಕಿಟ್ಟಿಯ ಹೆಂಡತಿ ಸುಮಾ ಮಾತ್ರ ಡ್ಯೂಟಿಗೆ ಹೋಗಿದ್ದಳು.

“ಯಾವ ಸಾಲು?” ಶಾಸ್ತ್ರಿಗಳು ಕೇಳಿದರು.

ಕಿಟ್ಟಿ ಮಾವನ ಮುಖ ನೋಡಿದ. ಆಮೇಲೆ ಬೋಗುಣಿ ನೋಡಿದ. “ಒಂದು ಮಾತ್ರೇದು, ಮಾವ.”

“ಬಿಪಿದಾ?”

“ಅಲ್ಲ.”

“ಶುಗರಿಂದಾ?”

“ಇನ್ನೂ ಬಂದಿಲ್ಲ ಮಾವ.”

“ಮಕ್ಕಳಾಗದ ಹಾಗೆ ತಗೊಳ್ಳೋ ಮಾತ್ರೆ, ಶಾಸ್ತ್ರಿಗಳೇ” ಎಂದು ಪದ್ದಕ್ಕ ಅಡುಗೆಮನೆಯಿಂದಲೇ ಕೂಗಿದರು. “ನಿಮ್ಮ ಮಗಳು ಈಗ ಸೇರಿರೋದು ಚರ್ಚಿನೋರ ಆಸ್ಪತ್ರೆ. ಅವರ ಇನ್ಶೂರೆನ್ಸಲ್ಲಿ ಅದು ಬರಲ್ಲ.”

ಶಾಸ್ತ್ರಿಗಳು ಕಡ್ಲೆಪುರಿಯಲ್ಲಿ ಕರಿಬೇವು ಹುಡುಕತೊಡಗಿದರು.

“ಆಸ್ಪತ್ರೆ ಅಂತೀರಿ, ಮಾತ್ರೆ ಇಲ್ಲ ಅಂತೀರಿ!” ನಂಜುಂಡಿಗೆ ಇದು ಲೆಕ್ಕಕ್ಕೇ ಸಿಗಲಿಲ್ಲ.

“ಚರ್ಚಿನೋರದ್ದು ಹಾಗಿರಲಿ” ಎಂದ ವೆಂಕಿ. ಅವನು ಬಾಯಿ ಬಿಟ್ಟರೆ ಇಸವಿ ಉದುರುತ್ತದೆ. “ಹೂವು, ದಾರ, ಬಣ್ಣ ಮಾರೋ ಅಂಗಡಿಯೋರೇ ಸುಪ್ರೀಂ ಕೋರ್ಟಿಗೆ ಹೋಗಿ ಗೆದ್ದು ಬಂದಿದ್ದಾರೆ. ಹಾಬಿ ಲಾಬಿ.”

ಪದ್ದಕ್ಕ ಸೌಟು ಹಿಡಿದೇ ಹೊರಗೆ ಬಂದರು. “ನಾನು ವರಮಹಾಲಕ್ಷ್ಮಿ ಮಂಟಪಕ್ಕೆ ಪ್ಲಾಸ್ಟಿಕ್ ಹೂವು ತರೋ ಅಂಗಡೀನಾ?”

“ಅದೇ. ಒಬಾಮಾ 2010ರಲ್ಲಿ ತಂದ ಇನ್ಶೂರೆನ್ಸ್ ಕಾನೂನಿನ ಕೆಳಗೆ ಒಂದು ನಿಯಮ ಬಂತು. ಗರ್ಭನಿರೋಧಕಕ್ಕೆ ಹೆಂಗಸರ ಕೈಯಿಂದ ಒಂದು ಕಾಸೂ ಹಾಕಿಸಬಾರದು, ಪೂರ್ತಿ ಇನ್ಶೂರೆನ್ಸೇ ಕೊಡಬೇಕು. ಇಲ್ಲಿನ ಔಷಧಿ ಇಲಾಖೆ ಎಫ್‌ಡಿಎ ಒಪ್ಪಿದ್ದು 20 ವಿಧಾನ. ಒಕ್ಲಹೋಮದ ಈ ಅಂಗಡಿಯ ಮಾಲೀಕರು, ಗ್ರೀನ್ ಕುಟುಂಬದೋರು, 16ಕ್ಕೆ ಸರಿ ಅಂದ್ರು, 4ಕ್ಕೆ ಆಗಲ್ಲ ಅಂದ್ರು. ಎರಡು ತುರ್ತು ಮಾತ್ರೆ, ಎರಡು ಥರದ ಐಯುಡಿ, ನಮ್ಮ ಕಾಪರ್-ಟಿ ಜಾತಿಯವು. ಅವು ಗರ್ಭಪಾತಕ್ಕೆ ಸಮ ಅಂತ ಅವರ ನಂಬಿಕೆ. ಮಾತು ಕೇಳದಿದ್ರೆ ದಂಡ ದಿನಕ್ಕೆ 13 ಲಕ್ಷ ಡಾಲರ್! 2014ರ ಜೂನ್ 30ಕ್ಕೆ ತೀರ್ಪು ಬಂತು. 5 ಜಡ್ಜುಗಳು ಅವರ ಪರ, 4 ಜನ ವಿರುದ್ಧ.”

“ಮಾಲೀಕರ ನಂಬಿಕೆ ಸರಿ. ಅಂಗಡಿಗೆ ನಂಬಿಕೆ ಹೇಗೆ ಬಂತು?” ಎಂದರು ಪದ್ದಕ್ಕ. “ಅದರ ಗೋತ್ರ ಯಾವುದು?”

“ಕೆಲವೇ ಜನರ ಕೈಯಲ್ಲಿರೋ ಕಂಪನಿ ಆದ್ರೆ ಅವರ ಧರ್ಮಾನೇ ಕಂಪನಿ ಧರ್ಮ ಅಂತ ಕೋರ್ಟು ಒಪ್ಪಿದೆ.”

ಪದ್ದಕ್ಕ ಗಂಡನ ಕಡೆ ತಿರುಗಿದರು. “ರೀ, ಹಾಗಾದ್ರೆ ನಿಮ್ಮ ಎಲ್‌ಎಲ್‌ಸಿ ಕಂಪನಿದೂ ಕಾಶ್ಯಪ ಗೋತ್ರ ಆಯ್ತು. ಉಪನಯನ ಮಾಡಿಸಿದ್ದೀರಾ ಅದಕ್ಕೆ?”

“ಡೆಲವೇರ್‌ನಲ್ಲಿ ರಿಜಿಸ್ಟರ್ ಮಾಡಿಸಿದ್ದೀನಿ” ಎಂದ ನಂಜುಂಡಿ.

“ಸಂಧ್ಯಾವಂದನೆ?”

“ಮೂರು ತಿಂಗಳಿಗೊಂದು ಸಲ ಅಕೌಂಟೆಂಟು ಮಾಡ್ತಾನೆ.”

“ಏಕಾದಶಿ ಉಪವಾಸ?”

“ಈ ವರ್ಷ ಪೂರ್ತಿ ಉಪವಾಸಾನೇ ಕಣೇ. ಒಂದು ಪ್ರಾಜೆಕ್ಟೂ ಇಲ್ಲ.”

“ಹೋದ ವರ್ಷ ಒಬ್ಬ ಕ್ಲೈಂಟು ಕೇಸು ಹಾಕ್ತೀನಿ ಅಂದಾಗ ಏನಂದ್ರಿ? ‘ಮನೆಗೆ ಬಂದು ಮುಟ್ಟೋಕಾಗಲ್ಲ, ನಾನು ಬೇರೆ ಕಂಪನಿ ಬೇರೆ’ ಅಂದ್ರಿ. ಈಗ ದೇವರ ವಿಷಯ ಬಂದ ತಕ್ಷಣ ಇಬ್ರೂ ಒಂದೇ ಹೇಗಾಗ್ತೀರಿ? ಸಾಲಗಾರ ಬಂದಾಗ ದ್ವೈತ, ದೇವರು ಬಂದಾಗ ಅದ್ವೈತ!”

ಸಿದ್ಧಾಂತದ ಮಾತು ಬಂದಿದ್ದೇ ಶಾಸ್ತ್ರಿಗಳಿಗೆ ಜೀವ ಬಂತು. “ಹಾಗೆ ನಗಬೇಡಮ್ಮ. ನಮ್ಮ ದೇಶದಲ್ಲೂ ದೇವಸ್ಥಾನದ ಮೂರ್ತಿ ಕಾನೂನಿನ ಮುಂದೆ ಒಬ್ಬ ವ್ಯಕ್ತಿ. ಅವನ ಹೆಸರಲ್ಲಿ ಜಮೀನಿರುತ್ತೆ, ಕೇಸಿರುತ್ತೆ.”

“1925ರಲ್ಲೇ ಪ್ರಿವಿ ಕೌನ್ಸಿಲ್ ಹೇಳಿದೆ” ಎಂದು ವೆಂಕಿ ಇಸವಿ ಸೇರಿಸಿದ.

“ಅದೇ ವ್ಯತ್ಯಾಸ” ಎಂದರು ಪದ್ದಕ್ಕ. “ನಮ್ಮಲ್ಲಿ ದೇವರಿಗೆ ಆಸ್ತಿ ಇದೆ. ಇಲ್ಲಿ ಆಸ್ತಿಗೆ ದೇವರಿದ್ದಾನೆ.”

ವೆಂಕಿ ಒಪ್ಪಲಿಲ್ಲ. ಯಾರ ಪರವಾಗಿಯೂ ಯಾರೂ ಇಲ್ಲದಿದ್ದರೆ ಅವನೇ ವಕಾಲತ್ತು ಹಾಕುತ್ತಾನೆ. “ಅವರದ್ದು ತೋರಿಕೆ ಭಕ್ತಿ ಅಲ್ಲ ಪದ್ದಕ್ಕ. ಭಾನುವಾರದ ವ್ಯಾಪಾರ ಬಿಟ್ಟು ಅಂಗಡಿ ಮುಚ್ತಾರೆ. ನೀವಾಗಿದ್ರೆ ಮುಚ್ತಿದ್ರಾ?”

“ಇಲ್ಲಪ್ಪ. ಅವರ ಭಕ್ತಿಗೆ ನಾನು ಯಾವತ್ತೋ ಹೊಂದಿಕೊಂಡಿದ್ದೀನಿ. ಶನಿವಾರವೇ ಹೋಗಿ ಹೂವು ತಂದುಬಿಡ್ತೀನಿ. ಅವರಿಗೆ ಬೇಡವಾದ ಮಾತ್ರೇನ ಅವರು ನುಂಗೋದು ಬೇಡ. ಯಾರು ಬಲವಂತ ಮಾಡಿದ್ರು?”

“ಆ ಕಂಪನಿಯ ನೌಕರರ ನಿವೃತ್ತಿ ದುಡ್ಡು ಹಾಕಿದ್ದ ಫಂಡುಗಳಲ್ಲಿ ಅದೇ ಥರದ ಮಾತ್ರೆ ಮಾಡೋ ಕಂಪನಿಗಳ ಶೇರೂ ಇದ್ವಂತೆ. ಆಗ ಪತ್ರಿಕೇಲಿ ಬಂದಿತ್ತು” ಎಂದು ವೆಂಕಿ ತನ್ನ ಕಕ್ಷಿದಾರರ ಕಾಲನ್ನು ತಾನೇ ಎಳೆದ.

“ಲಾಭ ಬಂದ್ರೆ ಪಾಪ ಇಲ್ಲ ಅನ್ನು.”

ನಂಜುಂಡಿ ಗಂಟಲು ಸರಿಮಾಡಿಕೊಂಡ. ದುಡ್ಡಿನ ಮಾತಿನಲ್ಲಿ ಅವನು ಯಾವಾಗಲೂ ಮಾಲೀಕರ ಪಕ್ಷ. “ನೋಡೇ, ದುಡ್ಡು ಅವರದು. ಕೊಡಲ್ಲ ಅಂದ್ರೆ ಕೊಡಲ್ಲ.”

“ಇನ್ಶೂರೆನ್ಸ್ ಏನು ದಾನಾನಾ? ಅದೂ ಸಂಬಳವೇ. ನಿಮ್ಮ ಹತ್ರ ಇದ್ದಾನಲ್ಲ ಒಬ್ಬನೇ ಒಬ್ಬ ಹುಡುಗ, ನೀವು ಕೊಟ್ಟ ಸಂಬಳದಲ್ಲಿ ದಿನಾ ಬೀಫ್ ಬರ್ಗರ್ ತಿಂತಾನೆ. ಅವನಿಗೆ ಸಂಬಳದ ಬದಲು ಮೊಸರನ್ನ ಕೊಟ್ಟು ಕಳಿಸ್ತೀರಾ?”

ಶಾಸ್ತ್ರಿಗಳು ಕೆಮ್ಮಿದರು. ಅವರ ಹೆಂಡತಿ ಕಮಲಮ್ಮ ನೀರಿನ ಲೋಟ ಕೊಟ್ಟರು, ಮಾತಾಡಲಿಲ್ಲ.

“ಮಾತ್ರೆ ಈಗ ಅಂಗಡೀಲೇ ಸಿಗುತ್ತಲ್ಲ” ಎಂದ ಕಿಟ್ಟಿ, ಆದಷ್ಟು ಮೆಲ್ಲಗೆ.

“ಓಪಿಲ್. 2024ರಿಂದ ಚೀಟಿ ಇಲ್ಲದೇ ಕೊಡ್ತಾರೆ. ತಿಂಗಳಿಗೆ ಸುಮಾರು 20 ಡಾಲರ್” ಎಂದ ವೆಂಕಿ. “ಅದು ಒಗ್ಗದಿದ್ರೆ ಐಯುಡಿಗೆ ಹೋಗಬೇಕು. ಡಾಕ್ಟರ ಫೀಸೂ ಸೇರಿದ್ರೆ, ಗಂಟೆಗೆ 7 ಡಾಲರ್ 25 ಸೆಂಟಿನ ಕನಿಷ್ಠ ಕೂಲಿಯೋಳಿಗೆ ಹೆಚ್ಚುಕಮ್ಮಿ ಒಂದು ತಿಂಗಳ ಸಂಬಳ. ಹಾಬಿ ಲಾಬಿ ಕೇಸಲ್ಲಿ ಜಸ್ಟಿಸ್ ಗಿನ್ಸ್‌ಬರ್ಗ್ ತಮ್ಮ ಭಿನ್ನಮತದಲ್ಲಿ ಇದನ್ನೇ ಬರೆದರು.”

“ಆದ್ರೂ ನಮ್ಮ ಹೊಟ್ಟೆ ನೋವಿಗೂ ಕೆಲಸ ಕೊಟ್ಟೋನಿಗೂ ಏನಪ್ಪ ಸಂಬಂಧ?” ಪದ್ದಕ್ಕ ಕುರ್ಚಿ ಎಳೆದುಕೊಂಡು ಕೂತರು. ಸಾರು ಕುದಿಯುವುದು ಕುದಿಯಲಿ ಎಂಬ ನಿರ್ಧಾರ ಮುಖದಲ್ಲಿತ್ತು. “ಇಂಥಾ ಏರ್ಪಾಡು ಯಾರು ಮಾಡಿದ್ದು?”

“ಎರಡನೇ ಮಹಾಯುದ್ಧ” ಎಂದ ವೆಂಕಿ. “ಬೆಲೆ ಏರುತ್ತೆ ಅಂತ 1942ರಲ್ಲಿ ಸರ್ಕಾರ ಸಂಬಳ ಏರಿಸೋದಕ್ಕೆ ಕಡಿವಾಣ ಹಾಕಿತು. ಜನ ಸಿಗ್ತಿಲ್ಲ, ಸಂಬಳ ಜಾಸ್ತಿ ಮಾಡೋ ಹಾಗಿಲ್ಲ. ಇನ್ಶೂರೆನ್ಸ್ ಕೊಡ್ತೀವಿ ಬನ್ನಿ ಅಂತ ಕಂಪನಿಗಳು ಶುರು ಮಾಡಿದ್ವು. ಆಮೇಲೆ ಅದಕ್ಕೆ ತೆರಿಗೆಯೂ ಇಲ್ಲ ಅಂತಾಯ್ತು. ಅಲ್ಲಿಗೆ ಅದೇ ಪದ್ಧತಿ ಉಳಿದುಬಿಟ್ಟಿತು.”

“ಅಂದ್ರೆ ಸುಮಾಗೆ ಮಾತ್ರೆ ಸಿಗದೇ ಇರೋದಕ್ಕೆ ಹಿಟ್ಲರ್ ಕಾರಣ.”

“ಅಷ್ಟು ನೇರವಾಗಿ ಅಲ್ಲ...”

“ಸಾಕು ಬಿಡು, ಅರ್ಥ ಆಯ್ತು. ವೀಸಾ ಅವರ ಕೈಯಲ್ಲಿ, ಜ್ವರ ಅವರ ಕೈಯಲ್ಲಿ. ಸೇರೋ ದಿನ ‘ನಮ್ಮ ಕಂಪನಿ ಒಂದು ಕುಟುಂಬ’ ಅಂತ ಕೇಕ್ ಬೇರೆ ಕತ್ತರಿಸ್ತಾರೆ. ಕುಟುಂಬ ಅಂದಮೇಲೆ ಕುಟುಂಬ ಯೋಜನೆಯೂ ಅವರದೇ ಆಗುತ್ತೆ, ಅಲ್ವಾ? ಕೆಲಸದಿಂದ ತೆಗೆಯೋ ದಿನ ಮಾತ್ರ ಈ ಕುಟುಂಬದೋರು ಒಬ್ರೂ ಮನೇಲಿರಲ್ಲ.”

ಹೋದ ವರ್ಷ ಹೀಗೇ ಕೆಲಸ ಕಳಕೊಂಡಿದ್ದ ಕಿಟ್ಟಿ ಬೋಗುಣಿಯನ್ನು ತನ್ನ ಹತ್ತಿರ ಎಳೆದುಕೊಂಡ.

“ಇನ್ನೊಂದು ಕೇಸು ಕೇಳಿ” ಎಂದು ವೆಂಕಿಯೇ ಮಾತು ತಿರುಗಿಸಿದ. “ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಅಂತ ಸನ್ಯಾಸಿನಿಯರು. ಬಡ ಮುದುಕರನ್ನ ನೋಡಿಕೊಳ್ತಾರೆ.”

“ಸನ್ಯಾಸಿನಿಯರಿಗೆ ಯಾಕಪ್ಪ ಈ ಮಾತ್ರೆ?” ಶಾಸ್ತ್ರಿಗಳಿಗೆ ನಿಜವಾದ ಸಂಶಯ.

“ಅವರಿಗಲ್ಲ, ಅವರ ವೃದ್ಧಾಶ್ರಮದಲ್ಲಿ ಕೆಲಸ ಮಾಡೋರಿಗೆ. ನೀವು ದುಡ್ಡು ಕೊಡಬೇಡಿ, ‘ನಮಗೆ ಆಕ್ಷೇಪಣೆ ಇದೆ’ ಅಂತ ಒಂದು ಫಾರಂಗೆ ಸೈನ್ ಹಾಕಿ, ಉಳಿದದ್ದನ್ನ ಇನ್ಶೂರೆನ್ಸಿನೋರು ನೋಡ್ಕೋತಾರೆ ಅಂತ ಸರ್ಕಾರ ಹೇಳ್ತು. ಆ ಸೈನ್ ಹಾಕೋದೇ ಪಾಪದಲ್ಲಿ ಪಾಲು ತಗೊಂಡ ಹಾಗೆ ಅಂತ ಅವರು ಕೋರ್ಟಿಗೆ ಹೋದ್ರು.”

ಪದ್ದಕ್ಕ ಮೇಜು ತಟ್ಟಿ ನಕ್ಕರು. “ನಮ್ಮ ದೊಡ್ಡತ್ತೆ ಮಡಿ! ಕೈಯಿಂದ ಕೈಗೆ ಕೊಡೋ ಹಾಗಿಲ್ಲ, ನೆಲದ ಮೇಲಿಡು ತಗೋತೀನಿ ಅನ್ನೋರು. ಆಮೇಲಾಮೇಲೆ, ಇಟ್ಟ ನೆಲವೂ ಮೈಲಿಗೆ ಅಂತ ಶುರುವಾಯ್ತು. ಕೊನೆಗೆ ಅವರಿಗೆ ಕಾಫಿ ಮುಟ್ಟಿಸೋಕೆ ಮನೇಲಿ ದಾರೀನೇ ಉಳಿಯಲಿಲ್ಲ. ಈ ತಾಯಂದಿರಿಗೆ ಏನಂತು ಕೋರ್ಟು?”

“2016ರಲ್ಲಿ ಒಬ್ಬ ಜಡ್ಜು ತೀರಿಕೊಂಡು ಎಂಟೇ ಜನ ಇದ್ರು. ಎರಡು ಪಕ್ಷದೋರೂ ಇನ್ನೊಂದು ದಾರಿ ಹುಡುಕಿಕೊಳ್ಳಿ ಅಂತ ಕೆಳಗಿನ ಕೋರ್ಟುಗಳಿಗೆ ವಾಪಸ್ ಕಳಿಸಿದ್ರು. ಮರುವರ್ಷ ಟ್ರಂಪ್ ಸರ್ಕಾರ ವಿನಾಯಿತಿಯನ್ನ ಅಗಲ ಮಾಡ್ತು. ಧರ್ಮ ಇಲ್ಲದಿದ್ರೆ ಬರೀ ನೈತಿಕ ಆಕ್ಷೇಪಣೆಯೂ ನಡೆಯುತ್ತೆ ಅಂದ್ರು. 2020ರಲ್ಲಿ ಸುಪ್ರೀಂ ಕೋರ್ಟು 7–2ರಲ್ಲಿ ಹೂಂ ಅಂತು. ಅದಾದ ಮೇಲೂ ಜಗಳ ಮುಗಿದಿಲ್ಲ.”

“ನೈತಿಕ ಆಕ್ಷೇಪಣೆ” ಎಂದು ನಂಜುಂಡಿ ನಾಲಿಗೆಯ ಮೇಲೆ ಇಟ್ಟು ನೋಡಿದ. “ಹುಡುಗನ ಹಲ್ಲಿನ ಇನ್ಶೂರೆನ್ಸಿಗೂ ನಡೆಯುತ್ತಾ?”

“ಅದಿರಲಿ, ಇದನ್ನೆಲ್ಲ ಮಾತಾಡೋವಾಗ ಹೆಂಗಸರು ಯಾರಾದ್ರೂ ಇದ್ರಾ?” ಪದ್ದಕ್ಕನ ಪ್ರಶ್ನೆ.

“2012ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ವಿಚಾರಣೆ ಮಾಡ್ತು. ಮೊದಲನೇ ಸುತ್ತಿಗೆ ಕೂರಿಸಿದ ಐದೂ ಜನ ಗಂಡಸರು. ಹೆಂಗಸರು ಎಲ್ಲಿ ಅಂತ ಸಂಸದೆ ಒಬ್ಬರು ಅಲ್ಲೇ ಕೇಳಿದ್ರು.”

ಪದ್ದಕ್ಕ ಮೇಜಿನ ಸುತ್ತ ಬೆರಳು ಓಡಿಸಿದರು. ಶಾಸ್ತ್ರಿಗಳು, ನಂಜುಂಡಿ, ಕಿಟ್ಟಿ, ವೆಂಕಿ. “ಇಲ್ಲಿ ಒಬ್ಬರು ಕಮ್ಮಿ” ಎಂದರು.

ಅವಮಾನ ಮುಚ್ಚಲು ವೆಂಕಿ ಊರಭಿಮಾನಕ್ಕೆ ಕೈಹಾಕಿದ. “ನಾವು ಹಿಂದೆ ಬಿದ್ದಿಲ್ಲ ಪದ್ದಕ್ಕ. ಸರ್ಕಾರವೇ ತೆರೆದ ಗರ್ಭನಿರೋಧದ ಕ್ಲಿನಿಕ್ಕು ಜಗತ್ತಿನಲ್ಲೇ ಮೊದಲು ಬಂದದ್ದು ನಮ್ಮ ಮೈಸೂರು ಸಂಸ್ಥಾನದಲ್ಲಿ. 1930, ನಾಲ್ವಡಿಯವರ ಕಾಲ. ಇಲ್ಲಿ ಅಮೆರಿಕದಲ್ಲಿ ಆಗಿನ್ನೂ ಅಂಥ ಸಾಮಾನನ್ನ ಅಂಚೆಯಲ್ಲಿ ಕಳಿಸೋದೇ ಅಪರಾಧ. 1873ರ ಕಾಮ್‌ಸ್ಟಾಕ್ ಕಾಯಿದೆ!”

“ಮೈಸೂರಲ್ಲಾ?” ಎಂದರು ಕಮಲಮ್ಮ. ಅವರು ಬಂದಾಗಿನಿಂದ ಆಡಿದ ಮೊದಲ ಮಾತು. “ನಮ್ಮಮ್ಮ ಮೈಸೂರೋಳೇ. ಒಂಬತ್ತು ಹೆತ್ತಳು. ಎಲ್ಲ ಹೆರಿಗೆಯೂ ನಡುಮನೆ ಪಕ್ಕದ ಕತ್ತಲೆ ಕೋಣೇಲಿ. ನಾನು ಕೊನೆಯೋಳು. ನನಗೆ ಅಕ್ಕ ಯಾರು, ಅಮ್ಮ ಯಾರು ಅಂತ ಗೊತ್ತಾಗೋ ಹೊತ್ತಿಗೆ ಅಮ್ಮ ಹೋಗಿದ್ದಳು.”

“ಆ ಕ್ಲಿನಿಕ್ಕು...” ವೆಂಕಿ ತಡವರಿಸಿದ.

“ಇತ್ತೇನೋಪ್ಪ. ಅವಳಿಗೆ ಯಾರು ಹೇಳಬೇಕು? ಹೇಳಿದ್ರೂ ಯಾರು ಕರ್ಕೊಂಡು ಹೋಗಬೇಕು? ಹೋಗಿದ್ದಿದ್ರೆ ನಾನಂತೂ ಇರ್ತಿರಲಿಲ್ಲ. ಅವಳು ಇರ್ತಿದ್ದಳು.”

ವೆಂಕಿಗೂ ಇಸವಿ ನೆನಪಾಗಲಿಲ್ಲ. ಕಿಟ್ಟಿ ಲ್ಯಾಪ್‌ಟಾಪ್ ಮುಚ್ಚಿದ.

“ಅದಕ್ಕೇ ಸುಮಾ ಹುಟ್ಟಿದ ಮೇಲೆ ನಾನು ಸರ್ಕಾರಿ ಆಸ್ಪತ್ರೆಗೆ ಹೋಗಿ ಕಾಪರ್-ಟಿ ಹಾಕಿಸ್ಕೊಂಡೆ” ಎಂದು ಕಮಲಮ್ಮ ಚೀಟಿ ದುಡ್ಡು ಕಟ್ಟಿ ಬಂದೆ ಎಂಬಷ್ಟೇ ಸಲೀಸಾಗಿ ಹೇಳಿದರು. “ಒಂದು ಪೈಸೆ ತಗೊಳ್ಳಲಿಲ್ಲ. ಯಜಮಾನರಿಗೆ ಗೊತ್ತಾ ಅಂತ ನರ್ಸಮ್ಮ ಕೇಳಿದಳು. ಗೊತ್ತು ಅಂದೆ.”

ಶಾಸ್ತ್ರಿಗಳ ಕೈಯಲ್ಲಿದ್ದ ಪುರಿ ಮೇಜಿನ ಮೇಲೆ ಉದುರಿತು. “ನನಗೆ ಗೊತ್ತಿರಲಿಲ್ಲವಲ್ಲೇ!”

“ನೀವು ಕೇಳಲಿಲ್ಲ.”

“ಗಂಡು ಮಗು ಆಗಲಿ ಅಂತ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ನಾಗಪ್ರತಿಷ್ಠೆ ಮಾಡಿಸಿದೆನಲ್ಲೇ!”

“ನಾನೂ ಬಂದಿದ್ದೆನಲ್ಲ. ಊಟ ಚೆನ್ನಾಗಿತ್ತು.”

“ಅವನೇನು ತಾನೇ ಮಾಡಿಯಾನು, ಪಾಪ” ಎಂದು ನಂಜುಂಡಿ ಸುಬ್ರಹ್ಮಣ್ಯನ ಪರವಾಗಿ ಮರುಗಿದ.

“ಎಷ್ಟು ಖರ್ಚಾಯ್ತು ಗೊತ್ತೇನೇ ಆಗ?” ಶಾಸ್ತ್ರಿಗಳಿಗೆ ಸುಧಾರಿಸಿಕೊಳ್ಳಲು ಇನ್ನೂ ಆಗಿರಲಿಲ್ಲ.

“ಹೋಗಿ ಬಂದ ಖರ್ಚು ನಿಮ್ಮದೆಲ್ಲಿ? ಎಲ್‌ಟಿಸಿ ಹಾಕಿದ್ರಲ್ಲ. ಬ್ಯಾಂಕಿನೋರು ಕೊಟ್ಟರು.”

ಪದ್ದಕ್ಕ ಎದ್ದು ನಿಂತರು. “ಬ್ಯಾಂಕಿನೋರೇ ಕೊಟ್ಟರಾ? ನೋಡಿ ಶಾಸ್ತ್ರಿಗಳೇ, ಮಗು ಬೇಕು ಅಂತ ನೀವು ದೇವರ ಹತ್ರ ಹೋದ್ರಿ, ದುಡ್ಡು ಕಂಪನಿ ಕೊಡ್ತು. ಯಾವ ದೇವರು, ಯಾಕೆ ಹೋಗ್ತೀರಿ ಅಂತ ಏನಾದ್ರೂ ಕೇಳಿದ್ರಾ?”

ಶಾಸ್ತ್ರಿಗಳು ಬಹಳ ಹೊತ್ತು ಯೋಚಿಸಿದರು.

“ಕೇಳಲಿಲ್ಲ” ಎಂದರು. “ಬಸ್ ಟಿಕೆಟ್ ಕೇಳಿದ್ರು.”