ಅಪ್ಪನ ಸ್ಟುಡಿಯೊ, ಅಮ್ಮನ ಪೆನ್ಸಿಲ್: ಕೊನೇ ವರ್ಷದ ಪ್ರಾಜೆಕ್ಟನ್ನು ಎಲ್ಲಿಂದ ಹಿಡಿಯಲಿ?

ಹಾಫ್‌ಪ್ಲೇಟ್ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಬಿಎಫ್‌ಎ ಫೋಟೋಗ್ರಫಿ ಕೊನೇ ವರ್ಷ ಓದುತ್ತಿದ್ದೇನೆ. ಊರು ಅರಸೀಕೆರೆ. ಏಪ್ರಿಲ್‌ನಲ್ಲಿ ಫೈನಲ್ ಡಿಸ್‌ಪ್ಲೇ. ನನ್ನ ಪಾಲಿಗೆ 12 ಅಡಿ ಗೋಡೆ ಬಂದಿದೆ. ಅದರ ಮೇಲೆ ಏನು ಹಾಕಬೇಕು ಅಂತ ತಿಳಿಯದೆ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನಮ್ಮ ಕ್ಲಾಸಿನಲ್ಲಿ ದೇವರಾಜ ಮಾರುಕಟ್ಟೆ ತೆಗೆಯದವರು ಯಾರೂ ಇಲ್ಲ. ಕುಂಕುಮದ ರಾಶಿ, ಬಾಳೆಗೊನೆ, ಮಾರು ಹೂವು. ಮೊದಲ ವರ್ಷ ನಾನೂ ತೆಗೆದೆ. ಈಗ ಕುಂಕುಮದ ಅಂಗಡಿಯವರೇ ನಮಗೆ ಪಾಠ ಮಾಡುತ್ತಾರೆ: "ಆ ಕಡೆ ನಿಂತ್ಕೊಳಮ್ಮ, ಬೆಳಕು ಚೆನ್ನಾಗಿ ಬೀಳುತ್ತೆ." ಕೊನೇ ವರ್ಷಕ್ಕೆ ಅದಂತೂ ಬೇಡ ಅನಿಸಿತು.

ನಮ್ಮದು ಸ್ಟುಡಿಯೊ ಮನೆ. ತಾತ ಶುರು ಮಾಡಿದ್ದು, ಅಪ್ಪ ನಡೆಸುತ್ತಿದ್ದಾರೆ. ನಡೆಸುತ್ತಿದ್ದಾರೆ ಅಂದರೆ ಪಾಸ್‌ಪೋರ್ಟ್ ಸೈಜ್ 8 ಕಾಪಿ, ಜೆರಾಕ್ಸ್, ಲ್ಯಾಮಿನೇಶನ್. ಅದಕ್ಕೇ "ಸಣ್ಣ ಊರಿನ ಸ್ಟುಡಿಯೊಗಳು" ಅಂತ ಪ್ರಾಜೆಕ್ಟ್ ಬರೆದುಕೊಟ್ಟೆ. ಅರಸೀಕೆರೆ, ತಿಪಟೂರು, ಬೀರೂರು, ಕಡೂರು ಸುತ್ತಿ 11 ಸ್ಟುಡಿಯೊಗಳಲ್ಲಿ ಫೋಟೊ ತೆಗೆದೆ. ಕ್ಯಾಮೆರಾ ಅಪ್ಪನ ಯಾಶಿಕಾ ಮ್ಯಾಟ್ 124ಜಿ. ಒಂದು ರೋಲ್‌ಗೆ 12 ಫ್ರೇಮ್, ಅಷ್ಟೇ. ಮೇಲಿಂದ ಬಗ್ಗಿ ನೋಡಬೇಕು, ಎಡ ಬಲ ಅದಲು ಬದಲಾಗಿ ಕಾಣುತ್ತದೆ. ರೋಲಿನ ದುಡ್ಡು ಮದುವೆಗಳಲ್ಲಿ ಸೆಕೆಂಡ್ ಕ್ಯಾಮೆರಾ ಹಿಡಿದು ಸಂಪಾದಿಸಿದ್ದು. ಆಷಾಢ ಬಂದರೆ ಮದುವೆಯೂ ಇಲ್ಲ, ರೋಲೂ ಇಲ್ಲ. ಆ ತಿಂಗಳು ಪಿ.ಜಿ.ಯಲ್ಲಿ ಕೂತು ಹಳೇ ನೆಗೆಟಿವ್ ಸ್ಕ್ಯಾನ್ ಮಾಡುವುದು.

ಪ್ರಿಂಟ್ ಹಾಕಿ ಗೈಡ್‌ಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ, "ಹುಲಿ ಹೊಡೆದು ಅದರ ಪಕ್ಕ ನಿಂತ ಬೇಟೆಗಾರರ ಫೋಟೊ ಇರುತ್ತಲ್ಲ, ಹಾಗಿದೆ. ಇಲ್ಲಿ ಹುಲಿ ಬದಲು ಹಳೇ ಕ್ಯಾಮೆರಾ. ನಿನ್ನದು ಏನಿದೆ ಇದರಲ್ಲಿ?" ಅಂದರು. ಸಿಟ್ಟು ಬಂತು. ರೂಮಿಗೆ ಬಂದು 11ನ್ನೂ ನೆಲದ ಮೇಲೆ ಹರಡಿ ನೋಡಿದರೆ ಅವರು ಹೇಳಿದ್ದು ನಿಜ. 11 ಮುದುಕರು, 11 ಕ್ಯಾಮೆರಾ, ಎಲ್ಲರ ಮುಖದಲ್ಲೂ ಒಂದೇ ಬೇಜಾರು. ಆ ಬೇಜಾರನ್ನು ನಾನೇ ಹಾಕಿಸಿದ್ದು. "ನಗಬೇಡಿ ಅಂಕಲ್" ಅಂದಿದ್ದೆ.

ದಸರಾ ರಜೆಗೆ ಊರಿಗೆ ಹೋದೆ. ಆಯುಧಪೂಜೆಗೆ ಅಂತ ಅಟ್ಟ ಗುಡಿಸುವಾಗ 4 ಬಿಸ್ಕೆಟ್ ಡಬ್ಬ ಸಿಕ್ಕವು. ಒಂದರಲ್ಲಿ ತಾತನ ಕಾಲದ ಗಾಜಿನ ಪ್ಲೇಟು. ಉಳಿದದ್ದರಲ್ಲಿ ಕಟ್ ಫಿಲ್ಮ್ (ಬಿಡಿ ಹಾಳೆಯ ಫಿಲ್ಮ್) ಮತ್ತು 120 ರೋಲಿನ ನೆಗೆಟಿವ್, ಎಲ್ಲ ಖಾಕಿ ಕವರಿನಲ್ಲಿ. ಕವರಿನ ಮೇಲೆ ನಂಬರ್, ಸೈಜ್, ಅಡ್ವಾನ್ಸ್, ಬಾಕಿ. ಕೆಳಗೆ ಪೆನ್ಸಿಲ್‌ನಲ್ಲಿ ಒಂದೊಂದು ಸಾಲು:

"ಕೆನ್ನೆ ಕಲೆ ತೆಗೆ."
"ಹುಡುಗನ ಕಡೆಗೆ ಕೊಡಲು. ಬಿಳುಪು."
"ಸಿಡುಬು ಪೂರ್ತಿ ಬೇಡ, ಅರ್ಧ."
"ಮಚ್ಚೆ ಇರಲಿ."

ಅಕ್ಷರ ಅಮ್ಮನದು. ಕೇಳಿದರೆ, "ಹೌದು, ಟಚಿಂಗ್ ನಾನೇ ಮಾಡುತ್ತಿದ್ದೆ, ಇನ್ಯಾರು ಮಾಡುತ್ತಿದ್ದರು?" ಅಂತ ಹೇಳಿ ಒಗ್ಗರಣೆ ಕಡೆ ತಿರುಗಿದರು. ಟಚಿಂಗ್ ಅಂದರೆ ನೆಗೆಟಿವ್ ಮೇಲೆ ಪೆನ್ಸಿಲ್‌ನಲ್ಲಿ ಮುಖ ತಿದ್ದುವುದು. 1989ರಲ್ಲಿ ಮದುವೆಯಾಗಿ ಬಂದ ವರ್ಷವೇ ತಾತ ಕಲಿಸಿದರಂತೆ. ಕಲರ್ ಬರುವ ತನಕ ಹತ್ತು ವರ್ಷದ ಮೇಲೆ ಮಾಡಿದ್ದಾರೆ. ನನಗೆ ಗೊತ್ತಿದ್ದದ್ದು "ಅಮ್ಮ ಸ್ಟುಡಿಯೊದಲ್ಲಿ ಸಹಾಯ ಮಾಡುತ್ತಿದ್ದರು" ಅಂತ ಮಾತ್ರ. ಬೋರ್ಡಿನ ಮೇಲೆ ಅಪ್ಪನ ಹೆಸರು, ರಬ್ಬರ್ ಸ್ಟಾಂಪಿನಲ್ಲಿ ತಾತನ ಹೆಸರು.

ಇದೇ ನನ್ನ ಪ್ರಾಜೆಕ್ಟ್ ಅನಿಸುತ್ತಿದೆ. ಆದರೆ ಹೇಗೆ ತೋರಿಸೋದು? ಸ್ಕ್ಯಾನ್ ಮಾಡಿದರೆ ಪೆನ್ಸಿಲ್ ಕಾಣುವುದೇ ಇಲ್ಲ, ಮುಖ ನುಣ್ಣಗೆ ಕಾಣುತ್ತದೆ ಅಷ್ಟೇ. ಕಾಣದೇ ಇರೋದೇ ಆ ಕೆಲಸ, ಅಲ್ವಾ? ಮತ್ತೆ ಇವೆಲ್ಲ ಊರಿನವರ ಮುಖ. ಗೋಡೆಗೆ ಹಾಕಬಹುದಾ? ಇನ್ನೊಂದು, ಒಂದು ಡಬ್ಬ ತೆಗೆದರೆ ಉಪ್ಪಿನಕಾಯಿ ಜಾಡಿ ತರಹ ಹುಳಿ ವಾಸನೆ. ಧೂಳು, ಬೂಷ್ಟು ಬೇರೆ. ಸ್ಪಿರಿಟ್ ಹಾಕಿ ಒರೆಸಲಾ?

---

ಕೆಂಪು ಬಲ್ಬು:

ಒರೆಸಬೇಡ!! ಮೊದಲು ಆ ಸ್ಪಿರಿಟ್ ಬಾಟಲಿ ಎತ್ತಿಡು ತಾಯಿ, ಆಮೇಲೆ ಮುಂದೆ ಓದು.

ನಾನು ದಾವಣಗೆರೆಯಲ್ಲಿ 38 ವರ್ಷ ಸ್ಟುಡಿಯೊ ನಡೆಸಿದವನು. ನೆಗೆಟಿವ್ ಮೇಲೆ ಪೆನ್ಸಿಲ್ ಸುಮ್ನೆ ಹಿಡಿಯುವುದಿಲ್ಲ, ಜಾರುತ್ತದೆ. ಅದಕ್ಕೆ ಮೊದಲು ಒಂದು ಹನಿ ಮೀಡಿಯಂ ಹಾಕಿ ಬಟ್ಟೆಯಲ್ಲಿ ತೆಳ್ಳಗೆ ಸವರಬೇಕು. ರಾಳವನ್ನು ಟರ್ಪೆಂಟೈನ್‌ನಲ್ಲಿ ಕರಗಿಸಿದ ವಾರ್ನಿಷ್ ಅದು. ಒಣಗಿದ ಮೇಲೆ ಮೈ ಸ್ವಲ್ಪ ತರಿಯಾಗುತ್ತದೆ, ಪೆನ್ಸಿಲ್ ಕಚ್ಚಿಕೊಳ್ಳುತ್ತದೆ. ನೀನು ಸ್ಪಿರಿಟ್‌ನಲ್ಲಿ ಒರೆಸಿದರೆ ಮೀಡಿಯಂ ಜೊತೆಗೆ ನಿಮ್ಮಮ್ಮನ ಹತ್ತು ವರ್ಷದ ಕೆಲಸವೂ ಹತ್ತಿಗೆ ಬರುತ್ತದೆ. ಧೂಳನ್ನು ಬ್ಲೋವರ್‌ನಲ್ಲಿ ಊದು, ಸಾಕು. ಬಾಯಲ್ಲಿ ಊದಬೇಡ.

ಹುಳಿ ವಾಸನೆ ಅಸಿಟೇಟ್ (ಒಂದು ಥರದ ಪ್ಲಾಸ್ಟಿಕ್) ಫಿಲ್ಮಿಂದು. ಸೆಕೆ ಮತ್ತು ತೇವಕ್ಕೆ ಫಿಲ್ಮಿನ ಬೇಸ್ ಒಡೆದು ವಿನಿಗರ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಅದನ್ನು ಇನ್ನೂ ಬೇಗ ಕೆಡಿಸುತ್ತದೆ, ಪಕ್ಕದ್ದಕ್ಕೂ ಹತ್ತಿಸುತ್ತದೆ. ಡಬ್ಬದೊಳಗೆ ಮುಚ್ಚಿಟ್ಟರೆ ಇನ್ನೂ ಕೆಟ್ಟದ್ದು. ವಾಸನೆ ಬರುವವನ್ನು ಬೇರೆ ಮಾಡು, ಹೊಸ ಕಾಗದದ ಕವರಿಗೆ ಹಾಕು, ತಂಪಾದ ಒಣ ಜಾಗದಲ್ಲಿಡು. ಮೊದಲು ಸ್ಕ್ಯಾನ್ ಆಗಬೇಕಾದದ್ದೂ ಅವೇ. ಹಳೇ ಕವರನ್ನು ಎಸೆದುಬಿಟ್ಟೀಯ, ಜೋಕೆ. ಗಾಜಿನ ಪ್ಲೇಟನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನಿಲ್ಲಿಸಿಡು.

ಇನ್ನು ಟಚಿಂಗ್. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ ಅಲ್ವಾ. ಮುಖದ ಸುಕ್ಕು ಅಲ್ಲಿ ತಿಳಿ ಗೆರೆ. ಆ ಗೆರೆಯನ್ನು ಪೆನ್ಸಿಲ್‌ನಲ್ಲಿ ತುಂಬಿದರೆ ಪ್ರಿಂಟ್‌ನಲ್ಲಿ ಮಾಯ. ಯಾವುದನ್ನಾದರೂ ಕಪ್ಪು ಮಾಡಬೇಕು ಅಂದರೆ ಚಾಕುವಿನ ಮೊನೆಯಲ್ಲಿ ಎಮಲ್ಷನ್, ಅಂದರೆ ಚಿತ್ರ ಮೂಡಿರುವ ಪದರ, ಕೆರೆಯಬೇಕು. ಪೆನ್ಸಿಲ್ ತಪ್ಪಿದರೆ ತೊಳೆದು ಮತ್ತೆ ಮಾಡಬಹುದು. ಚಾಕು ತಪ್ಪಿದರೆ ಗಿರಾಕಿಯನ್ನು ಮತ್ತೆ ಕರೆಸಬೇಕು, ಅವನು ಆಗಲೇ ಕ್ಷೌರ ಮಾಡಿಸಿಕೊಂಡಿರುತ್ತಾನೆ! ಸೀಸವನ್ನು ಮರಳು ಕಾಗದದಲ್ಲಿ ಉಜ್ಜಿ ಸೂಜಿ ಮಾಡಿಕೊಳ್ಳುತ್ತಿದ್ದೆವು. ನಾನು ಟಚಿಂಗ್ ಕಲಿಯಲಿಲ್ಲ, ತಾಳ್ಮೆ ಇರಲಿಲ್ಲ. ನಮ್ಮ ಸ್ಟುಡಿಯೊ ನೆಗೆಟಿವ್‌ಗಳೂ ಬೇರೆಯವರ ಮನೆಗೆ ಹೋಗಿ ಬರುತ್ತಿದ್ದವು. ಅಲ್ಲಿ ಯಾರು ಮಾಡುತ್ತಿದ್ದರು ಅಂತ ಈ ಹೊತ್ತಿನ ತನಕ ಕೇಳಿರಲಿಲ್ಲ.

---

ಬ್ಯಾಕ್‌ಲಾಗ್ ಬ್ರದರ್:

ಇದೇ ಕೋರ್ಸನ್ನು ಬೇರೆ ಕಡೆ ಮುಗಿಸಿ ಈಗ ಬೆಂಗಳೂರಿನಲ್ಲಿ ಒಡವೆ ಕ್ಯಾಟಲಾಗ್ ತೆಗೆಯುತ್ತಿದ್ದೇನೆ. ಒಡವೆ ತೆಗೆದ ಅನುಭವ ನಿಮಗೆ ಇಲ್ಲಿ ಉಪಯೋಗಕ್ಕೆ ಬರುತ್ತದೆ, ನಗಬೇಡಿ.

ನೀವು ನೆಗೆಟಿವ್ ಹಿಂದಿನಿಂದ ಬೆಳಕು ಕೊಟ್ಟು ಸ್ಕ್ಯಾನ್ ಮಾಡುತ್ತಿದ್ದೀರಿ. ಆಗ ಪೆನ್ಸಿಲ್ಲೂ ಫಿಲ್ಮಿನಲ್ಲಿ ಚಿತ್ರ ಮೂಡಿಸಿರುವ ಬೆಳ್ಳಿಯೂ ಎರಡೂ ಸುಮ್ನೆ ಕಪ್ಪು, ವ್ಯತ್ಯಾಸ ಗೊತ್ತಾಗಲ್ಲ. ಹಾಗೆ ಮಾಡಬೇಡಿ. ಕಪ್ಪು ಬಟ್ಟೆ ಮೇಲೆ ನೆಗೆಟಿವ್ ಇಡಿ, ಎಮಲ್ಷನ್ ಮೇಲೆ ಬರಲಿ. ಒಂದೇ ಒಂದು ಲೈಟನ್ನು ಬದಿಯಿಂದ, ತುಂಬಾ ಕೆಳಗಿನ ಕೋನದಲ್ಲಿ ಹಾಯಿಸಿ. ಪೆನ್ಸಿಲ್ ಸೀಸ ಗ್ರಾಫೈಟ್, ಲೋಹದ ಹಾಗೆ ಹೊಳೆಯುತ್ತದೆ. ಕೋನ ಸರಿಯಾಗಿ ಸಿಕ್ಕರೆ ಮುಖ ಕತ್ತಲಲ್ಲಿ ಮುಳುಗಿ ಗೀಟುಗಳು ಮಾತ್ರ ಮಿನುಗುತ್ತವೆ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್ ಯಾರ ಹತ್ತಿರವಾದರೂ ಸಾಲ ತನ್ನಿ. ಯಾರ ಮುಖ ಅಂತ ಗುರುತು ಹತ್ತದ ಹಾಗೆ ಕೆನ್ನೆಯಷ್ಟನ್ನೇ ತೆಗೆಯಬಹುದು, ನಿಮ್ಮ ಎರಡನೇ ಚಿಂತೆಗೂ ಅರ್ಧ ಉತ್ತರ ಸಿಕ್ಕ ಹಾಗಾಯಿತು.

ಉಳಿದರ್ಧ: ನೆಗೆಟಿವ್ ನಮ್ಮ ಅಟ್ಟದಲ್ಲಿದೆ, ಹಾಗಾಗಿ ಹಕ್ಕು ನಮ್ಮದು ಅಂತ ಸ್ಟುಡಿಯೊದವರು ಅಂದುಕೊಂಡಿರುತ್ತಾರೆ. ಹಾಗಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರ ತೆಗೆಸಿದವನೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಕವರ್ ಮೇಲೆ ಹೆಸರಿದ್ದರೆ ಮನೆಗೆ ಹೋಗಿ ಕೇಳಿ. ಅರಸೀಕೆರೆ ಏನು ಲಂಡನ್ನಾ? ಒಂದು ಪ್ರಿಂಟ್ ಕೈಯಲ್ಲಿ ಹಿಡಿದು ಹೋದರೆ ಕಾಫಿ ಕೊಟ್ಟು ಕೂರಿಸುತ್ತಾರೆ.

ಎರಡು ಹೆಸರು ನೋಡಿಕೊಳ್ಳಿ. ಬೆಂಗಳೂರಿನ ಪುಷ್ಪಮಾಲಾ ಎನ್. ಸ್ಟುಡಿಯೊ ಪರದೆ, ವೇಷ, ಭಂಗಿ ಎಲ್ಲವನ್ನೂ ಎಳೆದು ತಂದು ತಾವೇ ಅದರೊಳಗೆ ನಿಂತವರು. ಇನ್ನೊಬ್ಬರು ಮಾಲಿ ದೇಶದ ಬಮಾಕೊದಲ್ಲಿ ಸ್ಟುಡಿಯೊ ಇಟ್ಟಿದ್ದ ಸೇದು ಕೇಟಾ. ಅವರ ಮೊದಲ ಪರದೆ ತಮ್ಮದೇ ಹಾಸಿಗೆಯ ಹೊದಿಕೆ. ಆಗಾಗ ಪರದೆ ಬದಲಾಯಿಸುತ್ತಿದ್ದರು, ಆ ಬಟ್ಟೆಯ ಡಿಸೈನ್ ನೋಡಿಯೇ ಯಾವ ಫೋಟೊ ಯಾವ ವರ್ಷದ್ದು ಅಂತ ಆಮೇಲೆ ಹೇಳುತ್ತಿದ್ದರು. ಇದನ್ನೇಕೆ ಹೇಳಿದೆ ಅಂದರೆ, ಬೇರೆಯವರಿಗೆ ಕಾಣದ ಗುರುತು ಕೆಲಸ ಮಾಡಿದವರಿಗೆ ಕಾಣುತ್ತದೆ. ನಿಮ್ಮಮ್ಮನ ಮುಂದೆ ನೆಗೆಟಿವ್ ಇಟ್ಟು ಸುಮ್ನೆ ಕೂತುಕೊಳ್ಳಿ. ಪ್ರಶ್ನೆ ಕೇಳಬೇಡಿ.

---

ರಾಗಿಮುದ್ದೆ:

124ಜಿಯ ಬೆಳಕು ಅಳೆಯುವ ಮೀಟರ್ ಕೆಲಸ ಮಾಡುತ್ತಿದೆಯಾ? ಮಾರುತ್ತೀರಾ?

---

ಎಣ್ಣೆಗೆಂಪು:

ಎಲ್ಲರೂ ಅಮ್ಮನ ಕಲೆ ಅಂತ ಮೆಚ್ಚಿಕೊಂಡು ಕೂತಿದ್ದೀರಿ. "ಬಿಳುಪು" ಅನ್ನೋ ಆ ಒಂದು ಪದದ ಮೇಲೆ ಯಾರೂ ನಿಲ್ಲಲಿಲ್ಲ.

ನನ್ನದು ಕಪ್ಪು ಬಣ್ಣ. ಮದುವೆಗೆ ಮುಂಚೆ ನನ್ನ ಫೋಟೊಗೂ ಇದೇ ಮಾಡಿಸಿದ್ದರು. ಗಂಡಿನ ಕಡೆಯವರು ಬಂದು ಒಮ್ಮೆ ಫೋಟೊ ನೋಡುವುದು, ಒಮ್ಮೆ ನನ್ನ ನೋಡುವುದು. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಆ ಫೋಟೊ ಈಗಲೂ ತವರಿನ ಗೋಡೆ ಮೇಲಿದೆ, ನನ್ನ ಮಗ "ಇದು ಯಾರಮ್ಮ?" ಅಂತ ಕೇಳುತ್ತಾನೆ. ಪ್ರಾಜೆಕ್ಟ್ ಮಾಡಿ, ಚೆನ್ನಾಗಿದೆ. ಆದರೆ ಆ ಕವರುಗಳನ್ನೂ ಗೋಡೆಗೆ ಹಾಕಿ. ಊರು ಏನೇನು ಅಳಿಸಲು ಹೇಳಿತ್ತು ಅಂತ ಗೊತ್ತಾಗಲಿ. ಮತ್ತೆ ನಿಮ್ಮಮ್ಮನಿಗೆ ಅದನ್ನು ಮಾಡುವಾಗ ಏನನಿಸುತ್ತಿತ್ತು, ಕೇಳಿ.

---

ಹಾಫ್‌ಪ್ಲೇಟ್ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯಿತು, ಈಗ ಬರೆಯುತ್ತಿದ್ದೇನೆ. ಸ್ಪಿರಿಟ್ ಮುಟ್ಟಿಲ್ಲ ಅಂಕಲ್. ರಾಗಿಮುದ್ದೆಯವರೇ, ಮೀಟರ್ ಸತ್ತಿದೆ, ಕ್ಯಾಮೆರಾ ಮಾರುವುದಿಲ್ಲ.

ಶನಿವಾರದ ರೈಲಿಗೆ ಹೋಗಿದ್ದೆ. ಕೆ.ಆರ್. ನಗರ, ಹೊಳೆನರಸೀಪುರ, ಹಾಸನ ದಾಟಿ ಅರಸೀಕೆರೆ ಮುಟ್ಟುವ ತನಕ ಅಮ್ಮನಿಗೆ ಏನೇನು ಕೇಳಬೇಕು ಅಂತ ಬರೆದುಕೊಂಡೆ. ಬ್ಯಾಕ್‌ಲಾಗ್ ಬ್ರದರ್ ಮಾತು ನೆನಪಾಗಿ ಪುಸ್ತಕ ಬ್ಯಾಗಿಗೆ ಹಾಕಿದೆ. ರಾತ್ರಿ ಊಟ ಆದ ಮೇಲೆ ದೇವರ ಮನೆ ಮುಂದೆ ಕಪ್ಪು ಬಟ್ಟೆ ಹಾಸಿ, ನೆಗೆಟಿವ್ ಇಟ್ಟು, ಮೊಬೈಲ್ ಟಾರ್ಚನ್ನು ನೆಲಮಟ್ಟದಲ್ಲಿ ಹಿಡಿದೆ. ಮೊದಲು ಏನೂ ಕಾಣಲಿಲ್ಲ. ಕೈ ಸ್ವಲ್ಪ ಆಚೆ ಈಚೆ ಮಾಡಿದೆ. ಒಮ್ಮೆಲೇ ಕೆನ್ನೆ ತುಂಬಾ ಅಲ್ಪವಿರಾಮದ ಹಾಗೆ ಪುಟ್ಟ ಪುಟ್ಟ ಗೀಟುಗಳು ಹೊಳೆದವು. ಮೀನಿನ ಹುರುಪೆ ಥರ.

ಟಿ.ವಿ. ಮುಂದಿದ್ದ ಅಮ್ಮ ಎದ್ದು ಬಂದರು. ಕನ್ನಡಕ ಹಾಕಿಕೊಂಡು, "ಇದು ಮಾವನವರದ್ದು" ಅಂದರು. ಇನ್ನೊಂದು ಇಟ್ಟೆ. "ಇದು ನಂದು." ಹೇಗೆ ಗೊತ್ತು? ತಾತ ಓರೆ ಗೀಟು ಎಳೆಯುತ್ತಿದ್ದರಂತೆ, ಅಮ್ಮ ಸುತ್ತಿಸುತ್ತಿದ್ದರಂತೆ, ಸೊನ್ನೆ ಸೊನ್ನೆ. ರಾತ್ರಿ ಒಂದೂವರೆ ತನಕ ಕೂತು ಎರಡು ರಾಶಿ ಮಾಡಿದರು. ಅಪ್ಪ ಒಮ್ಮೆ ಬಂದು ನೋಡಿ, "ಇಷ್ಟೊಂದು ನೀನು ಮಾಡಿದ್ದಾ?" ಅಂದರು. ಅಮ್ಮ ತಲೆ ಎತ್ತಲಿಲ್ಲ.

ಎಣ್ಣೆಗೆಂಪು ಅವರೇ, ನಿಮ್ಮ ಪ್ರಶ್ನೆ ಕೇಳಿದೆ. ಹುಡುಗಿಯರ ಕವರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ "ಬಿಳುಪು" ಅಂತಲೇ ಇದೆ. ಅಮ್ಮ ಹೇಳಿದ್ದು: "ಕೇಳಿದಷ್ಟು ಮಾಡುತ್ತಿರಲಿಲ್ಲ. ಅರ್ಧ ಮಾಡಿ ಪೂರ್ತಿ ಮಾಡಿದ್ದೀನಿ ಅಂತಿದ್ದೆ. ಜಾಸ್ತಿ ಮಾಡಿದರೆ ಬಂದವರು ಹುಡುಗಿಯನ್ನೇ ಬದಲಾಯಿಸಿದ್ದೀರಾ ಅಂತ ಕೇಳುತ್ತಾರೆ, ಪಾಪ." ಸ್ವಲ್ಪ ಹೊತ್ತು ಬಿಟ್ಟು, "ನನ್ನ ಫೋಟೊಗೂ ಮಾವನವರೇ ಟಚಿಂಗ್ ಮಾಡಿದ್ದು, ಇಲ್ಲಿಗೆ ಬರುವ ಮುಂಚೆ" ಅಂದರು. ನಮ್ಮ ಮನೆಗೆ ಕೊಡುವುದಕ್ಕೆ ಅಂತ ಅಮ್ಮನ ಅಪ್ಪ ನಮ್ಮದೇ ಸ್ಟುಡಿಯೊದಲ್ಲಿ ತೆಗೆಸಿದ್ದರಂತೆ! ಆ ನೆಗೆಟಿವ್ ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ.

"ಮಚ್ಚೆ ಇರಲಿ" ಕವರಿನ ಮನೆಗೂ ಹೋಗಿದ್ದೆ. ಆ ಅಜ್ಜಿ ಈಗಲೂ ಇದ್ದಾರೆ, ಮಚ್ಚೆಯೂ ಇದೆ. ಪೂರ್ತಿ ಮುಖ ಹಾಕಲು ಒಪ್ಪಿಗೆ ಕೊಟ್ಟರು, ಎರಡು ಪ್ರಿಂಟ್ ಕೇಳಿದರು.

ಗೋಡೆಯ ಪ್ಲ್ಯಾನ್ ಇಷ್ಟು: ಹೊಳೆಯುವ ಕೆನ್ನೆಗಳನ್ನು ದೊಡ್ಡದಾಗಿ, ಕೆಳಗೆ ಕವರುಗಳು ಅಸಲು ಸೈಜಿನಲ್ಲಿ. ಕೊನೆಗೆ ಅಮ್ಮನ ಒಂದು ಹೊಸ ಪೋರ್ಟ್ರೇಟ್, ಟಚಿಂಗ್ ಅವರೇ ಮಾಡಬೇಕು ಅಂತ ನನ್ನ ಆಸೆ. 124ಜಿಯಲ್ಲಿ ತೆಗೆದು ನೆಗೆಟಿವ್ ಕೊಟ್ಟೆ. ಕಿಟಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. "ಮುಖ ಕಡಲೆಕಾಳಿನಷ್ಟಿದೆ. ಇದರಲ್ಲಿ ಪೆನ್ಸಿಲ್ ಎಲ್ಲಿಡಲಿ? ಹತ್ತಿರ ಹೋಗಿ ತೆಗೆಯೋದು ಕಲಿಸಿಲ್ವಾ ಕಾಲೇಜಿನಲ್ಲಿ?"

ಅದಕ್ಕೇ ದೊಡ್ಡ ನೆಗೆಟಿವ್ ಬರುವ, ತಾತನ ಹಾಫ್‌ಪ್ಲೇಟ್ ಕ್ಯಾಮೆರಾ ಕೆಳಗಿಳಿಸಿದ್ದೇವೆ. ಆ ಸೈಜಿನ ಫಿಲ್ಮ್ ಸುಲಭಕ್ಕೆ ಸಿಗುವುದಿಲ್ಲ, ಡಾರ್ಕ್ ರೂಮಿನಲ್ಲಿ ಪ್ರಿಂಟ್ ಹಾಕುವ ಬ್ರೋಮೈಡ್ ಪೇಪರನ್ನೇ ಕತ್ತರಿಸಿ ಹಾಕಿ ಪೇಪರ್ ನೆಗೆಟಿವ್ ಮಾಡೋಣ ಅಂತ. ಪೇಪರ್ ಬೆಳಕಿಗೆ ತುಂಬಾ ನಿಧಾನ, ಐಎಸ್‌ಒ 6 ಅಂತ ಲೆಕ್ಕ ಹಾಕಿದ್ದೇನೆ, ಅಮ್ಮ ಕೆಲವು ಸೆಕೆಂಡು ಅಲ್ಲಾಡದೆ ಕೂರಬೇಕು. ತೊಂದರೆ ಏನಂದರೆ ಬೆಲ್ಲೋಸ್‌ನ (ಲೆನ್ಸಿಗೂ ಹಿಂಭಾಗಕ್ಕೂ ನಡುವಿನ ಹಾರ್ಮೋನಿಯಂ ಥರದ ಚೀಲ) ಮಡಿಕೆಗಳಲ್ಲಿ ಸೂಜಿ ತೂತುಗಳಿವೆ, ಒಳಗೆ ಬಲ್ಬ್ ಹಾಕಿ ನೋಡಿದರೆ ನಕ್ಷತ್ರ ಕಂಡ ಹಾಗೆ ಕಾಣುತ್ತದೆ. ಕೆಂಪು ಬಲ್ಬು ಅಂಕಲ್, ನೀವು ಇದಕ್ಕೆ ಏನು ಹಚ್ಚುತ್ತಿದ್ದಿರಿ? ಅಪ್ಪ ಸೈಕಲ್ ಟ್ಯೂಬ್ ಸಲ್ಯೂಷನ್ ಅನ್ನುತ್ತಿದ್ದಾರೆ, ನನಗೆ ಧೈರ್ಯ ಬರುತ್ತಿಲ್ಲ.