ಮನೆಯಲ್ಲೇ ಬಯೋಡೀಸೆಲ್: ಮೊದಲು ಯಾರ ಅನುಮತಿ ತೆಗೆದುಕೊಂಡಿರಿ? ಅನುಭವ ಹೇಳಿ

ಹೊಸಬ: ಕರಿದು ಉಳಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಲು ಶುರು ಮಾಡಿದ್ದೇನೆ. ಒಂದು ಸಲಕ್ಕೆ 50 ಲೀಟರ್, ನನ್ನ ಒಂದೇ ಗಾಡಿಗೆ. ಮಾರುವ ಯೋಚನೆ ಇಲ್ಲ. ವಾಸನೆ ಬರುತ್ತದೆ ಎಂದು ಪಕ್ಕದ ಮನೆಯವರು ದೂರು ಕೊಡುವ ಮಾತಾಡುತ್ತಿದ್ದಾರೆ. ಅಧಿಕಾರಿಗಳು ಬರುವ ಮೊದಲು ನಾನೇ ಹೋಗಿ ಹೇಳಲೋ, ಸುಮ್ಮನಿರಲೋ? ಹೋಗುವುದಾದರೆ ಮೊದಲು ಎಲ್ಲಿಗೆ?

ತುಕ್ಕು ಡ್ರಮ್: ನಾನು 14 ತಿಂಗಳು ಅಲೆದಿದ್ದೇನೆ. ಎಲ್ಲರೂ ಬಯೋಡೀಸೆಲ್ ಲೈಸೆನ್ಸ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನನ್ನು ಹಿಡಿದದ್ದು ಮೆಥನಾಲ್, ಎಣ್ಣೆಯನ್ನು ಬಯೋಡೀಸೆಲ್ ಮಾಡಲು ಬೆರೆಸುವ ಸ್ಪಿರಿಟ್. ಸರಿಯಾಗಿ ಮಾಡಿದ ಬಯೋಡೀಸೆಲ್‌ನ ಆವಿ ಹೊತ್ತಿಕೊಳ್ಳಬೇಕಾದರೆ ಅದು 100 ಡಿಗ್ರಿ ದಾಟಿ ಕಾಯಬೇಕು. ಮೆಥನಾಲ್‌ಗೆ 11–12 ಡಿಗ್ರಿ ಸಾಕು. 100 ಲೀಟರ್ ಎಣ್ಣೆಗೆ 20 ಲೀಟರ್ ಬೇಕಲ್ವಾ, ಹತ್ತು ಸಲಕ್ಕೆ ಆಗಲಿ ಎಂದು 200 ಲೀಟರಿನ ಡ್ರಮ್ ತಂದಿಟ್ಟಿದ್ದೆ. ಬೆಂಕಿ ಇಲಾಖೆಯವರು ಅದನ್ನು ಕಂಡ ಮೇಲೆ ಎಣ್ಣೆ ಕಾಯಿಸಿ ಬೆರೆಸುವ ರಿಯಾಕ್ಟರ್ ಕಡೆ ತಿರುಗಿಯೂ ನೋಡಲಿಲ್ಲ.

ಪಂಪಿಗೆ ಒಳಗಿನ ಕಿಡಿ ಆಚೆಯ ಆವಿಗೆ ತಾಗದ ಫ್ಲೇಮ್‌ಪ್ರೂಫ್ ಮೋಟಾರು ಬೇಕು ಎಂದರು. ಹಾಕಿಸಿದೆ. ಆ ಒಂದು ಮೋಟಾರಿನ ದುಡ್ಡಿಗೆ ನನ್ನ ಹಳೇ ಗೀಸರಿನ ರಿಯಾಕ್ಟರ್‌ನಂಥದ್ದು ಮೂರು ಕಟ್ಟಬಹುದಿತ್ತು. ಸ್ವಿಚ್ ಗೋಡೆಯ ಆಚೆ ಹೋಗಬೇಕು ಎಂದರು. ಶೆಡ್ಡಿನ ವೈರಿಂಗ್ ಪೂರ್ತಿ ಕಿತ್ತೆ. ಸೋರಿದ್ದು ಹರಿಯದ ಹಾಗೆ ಡ್ರಮ್ ಸುತ್ತ ಕಟ್ಟೆ ಬೇಕು ಎಂದರು. ಕಟ್ಟಿಸಿದೆ. ಅಳತೆ ಪಟ್ಟಿ ಹಿಡಿದು ಬಂದವರು ಎತ್ತರ ಸಾಲದು ಎಂದರು. ಇನ್ನೆರಡು ಸಾಲು ಇಟ್ಟಿಗೆ ಏರಿಸಿದೆ. ಈಗ ಡ್ರಮ್ಮನ್ನು ಅದರೊಳಗೆ ಇಳಿಸುವುದಕ್ಕೇ ಇಬ್ಬರು ಬೇಕು. ಇಷ್ಟೆಲ್ಲ ಆದ ಮೇಲೆ ಮನೆ ವಿಮೆಯವರು ಕೈ ಎತ್ತಿದರು.

ಕೇಳದವ: ನಾನು ಯಾರನ್ನೂ ಕೇಳಲಿಲ್ಲ. ಯಾರೂ ಬರಲಿಲ್ಲ. ಆರು ವರ್ಷ ಆಯಿತು. ಕೇಳಲು ಹೋಗುವವರಿಗೇ ಈ ಕಷ್ಟ ಎಲ್ಲ.

ತುಕ್ಕು ಡ್ರಮ್: ಬೆಂಕಿ ಬಿದ್ದ ದಿನ ಕೇಳದೇ ಬರುತ್ತಾರೆ ಬಿಡಿ.

ಲೆಕ್ಕದ ಪುಸ್ತಕ: ನನಗೆ ಹೊಡೆತ ಬಿದ್ದದ್ದು ಸುಂಕದಲ್ಲಿ. ಬ್ರಿಟನ್ನಿನಲ್ಲಿ 2007ರಿಂದ ವರ್ಷಕ್ಕೆ 2,500 ಲೀಟರ್ ಒಳಗಿದ್ದರೆ ಸುಂಕ ಇಲ್ಲ, ಮಾಡಿದ್ದನ್ನು ಬರೆದಿಟ್ಟರೆ ಆಯಿತು. ನಾನಿರುವ ಕಡೆ ಮೊದಲ ಲೀಟರಿನಿಂದಲೇ ಲೆಕ್ಕ. ಅದನ್ನೂ ಹೇಗೋ ಸರಿ ಮಾಡಿಕೊಂಡಿದ್ದೆ. ಒಂದು ಸಲ ಭಾಮೈದನ ಟ್ರ್ಯಾಕ್ಟರಿಗೆ 20 ಲೀಟರ್ ಕೊಟ್ಟೆ. ಸುಮ್ನೆ ಇಸ್ಕೊಂಡು ಹೋಗಿದ್ದರೆ ಏನೂ ಇರಲಿಲ್ಲ. ಅವನು ಮರ್ಯಾದಸ್ಥ. ದುಡ್ಡು ಹಾಕಿದ, ಅದೂ ಖಾತೆಗೆ, ವಿವರದ ಜಾಗದಲ್ಲಿ ‘ಡೀಸೆಲ್’ ಎಂದು ಬರೆದು. ಅಲ್ಲಿಗೆ ನಾನು ಇಂಧನ ವ್ಯಾಪಾರಿ.

ಮಾರಾಟ ಎಂದ ಮೇಲೆ ಲ್ಯಾಬ್ ವರದಿ ಬೇಕು. ಬಯೋಡೀಸೆಲ್ ಗುಣಮಟ್ಟಕ್ಕೆ ಯುರೋಪಿನ ಮಾನದಂಡ ಇಎನ್ 14214. ಅದರ ಪ್ರಕಾರ ಎಸ್ಟರ್, ಅಂದರೆ ನಿಜಕ್ಕೂ ಬಯೋಡೀಸೆಲ್ ಆದ ಭಾಗ, ಕನಿಷ್ಠ 96.5 ಪರ್ಸೆಂಟ್ ಇರಬೇಕು. ನನ್ನದು 95.8. ಫೇಲ್. ಮತ್ತೆ ಮೆಥನಾಲ್ ಹಾಕಿ ಎರಡನೇ ಸಲ ಕುದುರಿಸಿದೆ. ಎಸ್ಟರ್ ಪಾಸ್, ನೀರು ಫೇಲ್. ಕಿಲೋಗೆ 500 ಮಿಲಿಗ್ರಾಂ ಮೀರಬಾರದು, ನನ್ನದು 740. ಕರಿದ ಎಣ್ಣೆ ಒಂದೊಂದು ಸಲ ಒಂದೊಂದು ಥರ ಇರುತ್ತದೆ, ಹಾಗಾಗಿ ಈ ವರದಿ ಮುಂದಿನ ಬ್ಯಾಚಿಗೆ ಬರುವುದಿಲ್ಲ ಬೇರೆ. ಆ ಎರಡು ಪರೀಕ್ಷೆಯ ದುಡ್ಡಿಗೆ ಬಂಕಿನ ಡೀಸೆಲ್ ಹಾಕಿಸಿದ್ದರೆ ಗಾಡಿ ಒಂದು ವರ್ಷ ಓಡುತ್ತಿತ್ತು.

ಕೇಳದವ: 3/27 ಮಾಡಿ ಸಾಕು ಸ್ವಾಮಿ. 3 ಮಿಲಿ ಬಯೋಡೀಸೆಲ್, 27 ಮಿಲಿ ಮೆಥನಾಲ್. ಬದಲಾಗದೆ ಉಳಿದ ಎಣ್ಣೆ ತಳದಲ್ಲಿ ಕೂರುತ್ತದೆ, ಏನೂ ಕೂರದಿದ್ದರೆ ಪಾಸು. ಲ್ಯಾಬಿನವರನ್ನು ಸಾಕುವುದು ಯಾಕೆ?

ಲೆಕ್ಕದ ಪುಸ್ತಕ: ಅದರಲ್ಲಿ ನೀರು ಕಾಣುತ್ತದಾ? ಆ 95.8ರ ಬ್ಯಾಚೂ 3/27ರಲ್ಲಿ ಕನ್ನಡಿ ಹಾಗೆ ತಿಳಿಯಾಗಿತ್ತು. ನಿಮ್ಮಂಥವರು ಒಬ್ಬರು ಯಾರದೋ ಇಂಜೆಕ್ಟರ್ ಹಾಳು ಮಾಡಿದರೆ ನಿಯಮ ಬಿಗಿಯಾಗುವುದು ನಮ್ಮ ಮೇಲೆ.

ಕೇಳದವ: ನನ್ನ ಇಂಜೆಕ್ಟರ್ ಚೆನ್ನಾಗಿದೆ. ನಿಮ್ಮ ಭಾಮೈದನನ್ನು ನೋಡಿಕೊಳ್ಳಿ.

ಸಾಬೂನು ಕೈ: ಜಗಳ ಆಮೇಲೆ ಆಡಿ. ಬಯೋಡೀಸೆಲ್ ಜೊತೆಗೇ ಹುಟ್ಟಿ ತಳದಲ್ಲಿ ಕೂತ ಗ್ಲಿಸರಿನ್ ಏನು ಮಾಡಿದಿರಿ, ಅದನ್ನು ಯಾರೂ ಹೇಳುತ್ತಿಲ್ಲ. ನನ್ನ ಶೆಡ್ಡಿನ ಹಿಂದೆ 11 ಕ್ಯಾನ್ ನಿಂತಿವೆ. ಅದರಲ್ಲಿ ಮೆಥನಾಲ್ ಉಳಿದಿರುವುದರಿಂದ ಅದು ಅಪಾಯಕಾರಿ ತ್ಯಾಜ್ಯ ಅಂತೆ. ಒಯ್ಯುವವರು ಸಣ್ಣ ಲೋಡಿಗೆ ಬರುವುದಿಲ್ಲ. ಬಯೋಡೀಸೆಲ್ ತೊಳೆದ ನೀರನ್ನು ಚರಂಡಿಗೆ ಬಿಟ್ಟೆ, ಮೂರನೇ ವಾರಕ್ಕೆ ನೋಟಿಸ್ ಬಂತು. ಗ್ಲಿಸರಿನ್ ಗೊಬ್ಬರದ ಗುಂಡಿಗೆ ಹಾಕೋಣ ಎಂದರೆ, ಮೆಥನಾಲ್ ಜೊತೆ ಕ್ಷಾರವಾಗಿ ನಾನು ಬಳಸಿದ್ದು ಕಾಸ್ಟಿಕ್ ಸೋಡಾ. ಅಗ್ಗ ಎಂದು ಹೋದೆ. ಸೋಡಿಯಂ ಮಣ್ಣಿಗೆ ಆಗುವುದಿಲ್ಲ. ಕಾಸ್ಟಿಕ್ ಪೊಟ್ಯಾಶ್ ಬಳಸಿದ್ದರೆ ಮೆಥನಾಲ್ ತೆಗೆದು ಗುಂಡಿಗಾದರೂ ಹಾಕಬಹುದಿತ್ತು.

ಕೇಳದವ: ನೀರಲ್ಲಿ ತೊಳೆಯುವುದೇ ಹಳೇ ಕಾಲದ್ದು. ನಾನು ಕಲ್ಮಶ ಹಿಡಿದಿಡುವ ಸಣ್ಣ ಮಣಿಗಳ ರೆಸಿನ್‌ನಲ್ಲಿ ಸೋಸುತ್ತೇನೆ. ಒಂದು ಹನಿ ನೀರಿಲ್ಲ.

ಸಾಬೂನು ಕೈ: ಸವೆದ ರೆಸಿನ್ ಎಲ್ಲಿಗೆ ಹೋಗುತ್ತದೆ?

ಕೇಳದವ: ನೀವೇನು ಇನ್‌ಸ್ಪೆಕ್ಟರಾ?

ಹೊಸಬ: ನಾನು ಕೇಳಿದ್ದು ಪಕ್ಕದ ಮನೆಯವರ ದೂರಿನ ವಿಷಯ. ಯಾರಾದರೂ ಹೇಳಿ.

ತುಕ್ಕು ಡ್ರಮ್: ಮೆಥನಾಲ್ ಎಷ್ಟಿಟ್ಟಿದ್ದೀರಿ, ಅದನ್ನು ಹೇಳಿ ಮೊದಲು.

ಹೊಸಬ: ಎರಡು ಡ್ರಮ್.

ಕೇಳದವ: ಇವತ್ತು ರಾತ್ರಿಯೇ ಬೇರೆ ಕಡೆ ಸಾಗಿಸಿ.

ತುಕ್ಕು ಡ್ರಮ್: ಸಾಗಿಸಲು ಬೇರೆ ಅನುಮತಿ. ನನ್ನ 14 ತಿಂಗಳಲ್ಲಿ ನಾಲ್ಕು ಅದಕ್ಕೇ ಹೋಗಿದ್ದು.