ಲಿನಕ್ಸ್ ಕರ್ನಲ್ ಬದಲಾದ ಮೇಲೆ ಲ್ಯಾಪ್‌ಟಾಪ್ ನಿದ್ದೆಯಿಂದ ಏಳುತ್ತಿಲ್ಲ, ವೈಫೈ ಬಿಟ್ಟುಬಿಟ್ಟು ಹೋಗುತ್ತಿದೆ. ಅನುಭವ ಇದ್ದವರು ಹೇಳಿ

ತುಮಕೂರಿನ ಓದುಗಿ
ಎಲ್ಲರಿಗೂ ನಮಸ್ಕಾರ. ಅಪ್ಪನ ಲ್ಯಾಪ್‌ಟಾಪ್‌ನಲ್ಲಿರುವುದು 7ನೇ ತಲೆಮಾರಿನ ಐ5. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. 11 ಹಾಕೋಣ ಅಂದರೆ ಈ ಪ್ರೊಸೆಸರ್ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಲಿನಕ್ಸ್ ಮಿಂಟ್ 22 ಹಾಕಿದೆ. ಅದರ 6.8 ಕರ್ನಲ್‌ನಲ್ಲಿ (ಹಾರ್ಡ್‌ವೇರ್ ನಡೆಸುವ ತಿರುಳು ತಂತ್ರಾಂಶ) ಎಲ್ಲ ಸರಿಯಿತ್ತು. 6.14ಕ್ಕೆ ಹೋದ ಮೇಲೆ ಮುಚ್ಚಳ ಮುಚ್ಚಿ ತೆರೆದರೆ ಪರದೆ ಕಪ್ಪು. ಫ್ಯಾನ್ ತಿರುಗುತ್ತದೆ, ಕೀಬೋರ್ಡ್ ಸತ್ತಿರುತ್ತದೆ, ಪವರ್ ಬಟನ್ ಒತ್ತಿ ಹಿಡಿದೇ ಆಫ್ ಮಾಡಬೇಕು. ವೈಫೈ ಕೂಡ ಆಗಾಗ ಬಿಟ್ಟುಹೋಗುತ್ತದೆ. 6.8ಕ್ಕೇ ವಾಪಸ್ ಹೋಗಲಾ, ಬೇರೆ ವೈಫೈ ಕಾರ್ಡ್ ಕೊಳ್ಳಲಾ?

ಎಸ್.ಪಿ. ರೋಡ್ ಗಿರಾಕಿ
ಮೇಡಂ, ಕಾರ್ಡ್ ಕೊಳ್ಳುವ ಮೊದಲು ನನ್ನ ಕಥೆ ಕೇಳಿ. ಒಳಗಿನ ವೈಫೈ ಕೈಕೊಟ್ಟಿತು ಅಂತ ಎಸ್.ಪಿ. ರೋಡ್‌ನಲ್ಲಿ ಯುಎಸ್‌ಬಿ ಡಾಂಗಲ್ ತೆಗೆದುಕೊಂಡೆ. 650 ರೂಪಾಯಿ. ನನ್ನ ಗೆಳೆಯನ ಹತ್ತಿರ ಅದೇ ಮಾಡೆಲ್ ಇತ್ತು, ಅವನ ಉಬುಂಟು ಲಿನಕ್ಸ್‌ನಲ್ಲಿ ಚುಚ್ಚಿದ ಕೂಡಲೇ ಓಡುತ್ತಿತ್ತು. ನನ್ನದು ಓಡಲಿಲ್ಲ. ಡಬ್ಬಿ ಒಂದೇ, ಹೆಸರು ಒಂದೇ, ಹಿಂದೆ ಸಣ್ಣ ಅಕ್ಷರದಲ್ಲಿ ಅವನದು ವಿ1, ನನ್ನದು ವಿ3. ಒಳಗಿನ ಚಿಪ್ಪೇ ಬೇರೆ! ಚುಚ್ಚಿದರೆ ಮೊದಲು ಸಿಡಿ ಡ್ರೈವ್ ಅಂತ ತೋರಿಸುತ್ತದೆ. ಅದರಲ್ಲಿ ವಿಂಡೋಸ್‌ನ ಡ್ರೈವರ್ (ಸಾಧನ ಓಡಿಸುವ ತಂತ್ರಾಂಶ) ತುಂಬಿಟ್ಟಿದ್ದಾರೆ. ಅದನ್ನು ವೈಫೈ ಮೋಡ್‌ಗೆ ತರುವುದೇ ಒಂದು ಕೆಲಸ. ಅಂಗಡಿಯವರು ಡಬ್ಬಿ ಒಡೆದಿದೆ ಅಂತ ವಾಪಸ್ ತೆಗೆದುಕೊಳ್ಳಲಿಲ್ಲ.

ಆಮೇಲೆ ಇನ್ನೊಂದು ಅಂಗಡಿಯಲ್ಲಿ ಒಳಗೆ ಕೂರಿಸುವ ಎಂ.2 ಕಾರ್ಡ್ ಕೊಟ್ಟರು, 1,850 ರೂಪಾಯಿ, "ಎಲ್ಲದಕ್ಕೂ ಆಗುತ್ತೆ ಸರ್" ಅಂದರು. ಅದು ಸಿಎನ್‌ವಿಐ ಜಾತಿಯ ಕಾರ್ಡ್. ಅಂಥ ಕಾರ್ಡಿನ ಅರ್ಧ ಕೆಲಸವನ್ನು ಇಂಟೆಲ್ ಪ್ರೊಸೆಸರ್ ಕಡೆಯ ಚಿಪ್‌ಸೆಟ್ಟೇ ಮಾಡಬೇಕು. ನನ್ನದು ಎಎಂಡಿ ಯಂತ್ರ. ಕಿಂಡಿಗೆ ಸರಿಯಾಗಿ ಕೂತಿತು, ಆದರೆ ಒಳಗಿನ ಕಾರ್ಡ್‌ಗಳನ್ನು ತೋರಿಸುವ ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಕಾಣಿಸಲೇ ಇಲ್ಲ. ಮೂರನೆಯದು ಚಿಪ್‌ಸೆಟ್ ನೆರವಿಲ್ಲದೆ ತಾನೇ ಪೂರ್ತಿ ಕೆಲಸ ಮಾಡುವ ಮಾಮೂಲಿ ಪಿಸಿಐಇ ಕಾರ್ಡ್, 1,600. ಬಿಚ್ಚಿ ಹಾಕುವ ಕೂಲಿ 300. ಒಟ್ಟು 4,400 ರೂಪಾಯಿ ಹೋಯಿತು. ಅಂಗಡಿಯಲ್ಲಿ ಯಾರ ಮಾತನ್ನೂ ನಂಬಬೇಡಿ.

ಶಿವಮೊಗ್ಗದಿಂದ
ವಾಪಸ್ ಹೋಗಿ ತಂಗಿ. ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಇನ್ನೂ ಇರುತ್ತದೆ. ನಾನು ನನ್ನ ಯಂತ್ರಗಳಲ್ಲಿ ಕರ್ನಲ್ ಅನ್ನು ಒಂದೇ ಆವೃತ್ತಿಯ ಸಾಲಿಗೆ ಕಟ್ಟಿಹಾಕಿದ್ದೇನೆ, ಹೆಮ್ಮೆಯಿಂದ ಹೇಳುತ್ತೇನೆ. ಲೆಕ್ಕಪತ್ರದ ಕೆಲಸ ನನ್ನದು. ಮಾರ್ಚ್ ತಿಂಗಳಲ್ಲಿ ಯಂತ್ರ ನಿಂತರೆ ಯಾರು ಹೊಣೆ?

2022ರ ಅಕ್ಟೋಬರ್ ನೆನಪಿದೆಯಾ? 5.19.12 ಕರ್ನಲ್ ಹಾಕಿದವರ ಇಂಟೆಲ್ ಗ್ರಾಫಿಕ್ಸ್ ಲ್ಯಾಪ್‌ಟಾಪ್‌ಗಳ ಪರದೆ ಬೆಳ್ಳಗೆ ಮಿನುಗತೊಡಗಿತು. ಪರದೆಗೆ ಕರೆಂಟ್ ಕೊಡುವ, ತೆಗೆಯುವ ನಡುವಿನ ಸಮಯವೇ ತಪ್ಪಿಹೋಗಿತ್ತು. ಪರದೆ ಶಾಶ್ವತವಾಗಿ ಹಾಳಾಗಬಹುದು, ಓಡಿಸಬೇಡಿ ಅಂತ ಡ್ರೈವರ್ ಬರೆಯುವವರೇ ಎಚ್ಚರಿಸಿದರು. ತಕ್ಷಣ 5.19.13 ಬಿಡಬೇಕಾಯಿತು. ಹೊಸದು ಬಂತು ಅಂತ ಸುಮ್ನೆ ಹಾಕಿಕೊಳ್ಳುವವರು ಇದನ್ನು ಓದಬೇಕು.

ಹುಬ್ಬಳ್ಳಿ ಎನ್‌ವಿಎಂಇ
ಶಿವಮೊಗ್ಗದ ಸರ್, ನೀವು ಹೇಳಿದ್ದು ಅರ್ಧ ಸತ್ಯ, ಓದಿದವರು ಹಾದಿ ತಪ್ಪುತ್ತಾರೆ. ಒಂದು ವಾರದ ತಪ್ಪನ್ನು ಹಿಡಿದುಕೊಂಡು ಜೀವನಪೂರ್ತಿ ಹಳೇದರಲ್ಲೇ ಕೂರಿ ಅಂತೀರಾ? ನನ್ನನ್ನು ಉಳಿಸಿದ್ದು ಹೊಸ ಕರ್ನಲ್.

4,200 ರೂಪಾಯಿ ಕೊಟ್ಟು ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿದೆ. ಯಂತ್ರ ಸುಮ್ಮನೆ ಬಿಟ್ಟರೆ ಸಾಕು, ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಮೌಸ್ ಆಡುತ್ತದೆ, ಫೈಲ್ ಉಳಿಸಲು ಹೋದರೆ "ಓದಲು ಮಾತ್ರ" ಅನ್ನುತ್ತದೆ. ಒಂದು ಸರ್ವಿಸ್ ಸೆಂಟರ್‌ಗೆ ಒಯ್ದೆ. ನೋಡಿದ್ದಕ್ಕೆ 500. ಮದರ್‌ಬೋರ್ಡ್ ಹೋಗಿದೆ, 14,500 ಆಗುತ್ತೆ ಅಂದರು. ಎರಡನೆಯ ಕಡೆ ಎಸ್‌ಎಸ್‌ಡಿ ಹೋಗಿದೆ ಅಂದರು, ಅಲ್ಲಿ 300. ಎರಡೂ ಸುಳ್ಳು. ಡಿಸ್ಕ್ ತಾನಾಗಿಯೇ ಆಳವಾದ ನಿದ್ದೆಗೆ ಜಾರುವ ಒಂದು ಉಳಿತಾಯದ ವ್ಯವಸ್ಥೆ ಇದೆ, ಎಪಿಎಸ್‌ಟಿ ಅಂತ. ಲಿನಕ್ಸ್‌ಗೆ ಅದು ಬಂದದ್ದು 2017ರಲ್ಲಿ, 4.11ರಲ್ಲಿ. ಕೆಲವು ಡಿಸ್ಕ್‌ಗಳು ಆ ನಿದ್ದೆಗೆ ಹೋದರೆ ಎದ್ದು ಬರುವುದಿಲ್ಲ. ಯಂತ್ರ ಶುರುವಾಗುವಾಗ ಕರ್ನಲ್‌ಗೆ ಕೊಡುವ ಬೂಟ್ ಸಾಲಿನಲ್ಲಿ ಎನ್‌ವಿಎಂಇ ಕೋರ್‌ನ ಗರಿಷ್ಠ ತಡ ಸೊನ್ನೆ ಅಂತ ಕೊಟ್ಟು ಆ ನಿದ್ದೆ ನಿಲ್ಲಿಸಿದೆ. ಅವತ್ತಿನಿಂದ ಒಂದು ಸಲವೂ ನಿಂತಿಲ್ಲ. ಅದೂ ಆಮೇಲೆ ಬೇಡವಾಯಿತು. ಹೊಸ ಕರ್ನಲ್‌ಗಳಲ್ಲಿ ಇಂಥ ಹಟಮಾರಿ ಡಿಸ್ಕ್‌ಗಳ ಪಟ್ಟಿಯೇ ಇರುತ್ತದೆ, ನನ್ನದೂ ಅದರಲ್ಲಿ ಸೇರಿತು.

ಇನ್ನು 6.8ಕ್ಕೆ ಹೋಗಿ ಅಂತೀರಲ್ಲ, 6.8 ಸಾಲು ಮೂಲದಲ್ಲಿ, ಅಂದರೆ ಕರ್ನಲ್ ಬರೆಯುವವರ ಕಡೆಯಿಂದ, 2024ರಲ್ಲೇ ಮುಗಿಯಿತು. ಸತ್ತ ಕರ್ನಲ್ ಹಾಕಿಕೊಂಡು ಬ್ಯಾಂಕ್ ಕೆಲಸ ಮಾಡಿ ಅಂತ ಅಪ್ಪನಿಗೆ ಹೇಳಬೇಕಾ?

ಶಿವಮೊಗ್ಗದಿಂದ
ಸತ್ತ ಕರ್ನಲ್ ಅಲ್ಲ. ಗೊತ್ತಿದ್ದು ಮಾತಾಡಿ. ಮೂಲದವರು ಬಿಟ್ಟರು ನಿಜ. ಆದರೆ ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೆ. ಅದರ ಮೊದಲ ಕರ್ನಲ್ಲೇ 6.8. ಉಬುಂಟುವಿನವರು ಭದ್ರತೆಯ ತೇಪೆಗಳನ್ನು ತಾವೇ ತಂದು ಹಾಕುತ್ತಾ 2029ರವರೆಗೆ ನಡೆಸುತ್ತಾರೆ. ಬೇಗ ಹೋಗುವುದು ನಡುವೆ ಬರುವ 6.11, 6.14ರಂಥವು. ಅವುಗಳಲ್ಲಿ ಒಂದಕ್ಕೆ ಏರಿದರೆ ಮುಂದಿನದು ಬಂದಾಗ ಮತ್ತೆ ಏರಲೇಬೇಕು. ಹೊಸ ಹಾರ್ಡ್‌ವೇರ್ ಇದ್ದವರಿಗೆ ಅವು ಬೇಕು. 7ನೇ ತಲೆಮಾರಿನ ಯಂತ್ರಕ್ಕೆ ಏನು ಕೆಲಸ?

ಗದಗ ಪ್ರೆಸ್
ನೀವಿಬ್ಬರೂ ಜಗಳ ಆಡುತ್ತಾ ಇರಿ. ನನಗೆ ಪ್ರಿಂಟಿಂಗ್ ಪ್ರೆಸ್ ಇದೆ. ಇಂಥದ್ದೇ ಮಾತು ನಂಬಿ ಎರಡು ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದೆ. ಸ್ಕ್ಯಾನರ್ ಓಡಲಿಲ್ಲ. ಹಳೇ ನುಡಿ ಕನ್ನಡ ಫಾಂಟ್‌ನಲ್ಲಿ ಮಾಡಿಟ್ಟ ಲಗ್ನಪತ್ರಿಕೆ ಫೈಲ್‌ಗಳು ಕಲಸಿಹೋದವು. ಮದುವೆ ಸೀಸನ್‌ನಲ್ಲಿ ಎರಡು ಆರ್ಡರ್ ಕೈತಪ್ಪಿದವು, 11,000 ಒಂದು, 7,500 ಇನ್ನೊಂದು. ಸ್ಕ್ಯಾನರ್ ಬೇರೆ ತರಲು 6,800. ಕೇಳಿದರೆ ಎಲ್ಲರೂ "ಲಾಗ್ ಕೊಡಿ, ಲಾಗ್ ಕೊಡಿ" ಅಂತ ಯಂತ್ರ ಬರೆದಿಡುವ ದಾಖಲೆ ಕೇಳುತ್ತಾರೆ. ಗಿರಾಕಿಗೆ ಲಾಗ್ ತೋರಿಸಲಾ? ವಾಪಸ್ ವಿಂಡೋಸ್‌ಗೆ ಹೋದೆ. ಜರ್ಮನಿಯ ಮ್ಯೂನಿಕ್ ನಗರಸಭೆಯೇ ವರ್ಷಗಟ್ಟಲೆ ಲಿನಕ್ಸ್ ಓಡಿಸಿ 2017ರಲ್ಲಿ ವಾಪಸ್ ಹೋಗಲು ತೀರ್ಮಾನ ಮಾಡಿತು.

ಮೈಸೂರು ಮೇಷ್ಟ್ರು
ಗದಗದವರೇ, ನಿಮ್ಮ ನಷ್ಟ ಕೇಳಿ ಬೇಜಾರಾಯಿತು. ಆದರೆ ಸ್ಕ್ಯಾನರ್‌ಗೂ ಫಾಂಟಿಗೂ ಕರ್ನಲ್‌ಗೂ ಸಂಬಂಧ ಇಲ್ಲ. ಸ್ಕ್ಯಾನರ್ ಮಾತಾಡುವುದು ಸೇನ್ ಅನ್ನುವ ಬೇರೆ ತಂತ್ರಾಂಶದ ಜೊತೆ. ಹಳೇ ಫಾಂಟಿನ ಅಕ್ಷರ ಈಗ ಎಲ್ಲೆಡೆ ನಡೆಯುವ ಯೂನಿಕೋಡ್ ಸಂಕೇತದಲ್ಲಿಲ್ಲ, ಅದನ್ನು ಪರಿವರ್ತಿಸಬೇಕು. ಮ್ಯೂನಿಕ್ ಉದಾಹರಣೆ ಕೊಡುವವರು ಪಕ್ಕದ ಕೇರಳವನ್ನು ಯಾಕೆ ನೋಡುವುದಿಲ್ಲ? ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ಎಷ್ಟೋ ವರ್ಷದಿಂದ ಓಡುತ್ತಿದೆ.

ನಮ್ಮ ಶಾಲೆಯ ಲ್ಯಾಬ್‌ನಲ್ಲಿ ದಾನ ಬಂದ ಹಳೇ ಯಂತ್ರಗಳಿವೆ. ಕೇಬಲ್ ಎಳೆಯಲು ದುಡ್ಡಿಲ್ಲ ಅಂತ ಯಾರೋ ದಾನಿಗಳು ವೈಫೈ ಡಾಂಗಲ್ ಕೊಟ್ಟರು. ಅದರ ಡ್ರೈವರ್ ಕರ್ನಲ್ ಒಳಗೆ ಇಲ್ಲ. ಹೊರಗಿನಿಂದ ತಂದು, ಇಂಥ ಡ್ರೈವರ್ ಕಟ್ಟಿಕೊಡುವ ಡಿಕೆಎಂಎಸ್ ಮೂಲಕ ಹಾಕಬೇಕು. ಪ್ರತಿ ಹೊಸ ಕರ್ನಲ್‌ಗೂ ಅದು ಮತ್ತೆ ಕಂಪೈಲ್ ಆಗಬೇಕು, ಅಂದರೆ ಬರೆದ ಕೋಡ್ ಯಂತ್ರ ಓಡಿಸುವ ರೂಪಕ್ಕೆ ಬರಬೇಕು. ಕರ್ನಲ್ ಒಳಗಿನ ಫಂಕ್ಷನ್‌ಗಳು ಹೀಗೇ ಇರುತ್ತವೆ ಅಂತ ಯಾರೂ ಮಾತು ಕೊಟ್ಟಿಲ್ಲ. ಮೇಲೆ ಓಡುವ ಪ್ರೋಗ್ರಾಂ ಮುರಿಯಬಾರದು ಅನ್ನುವುದೊಂದೇ ಲಿನಕ್ಸ್ ಶುರುಮಾಡಿದ ಟೊರ್ವಾಲ್ಡ್ಸ್ ಅವರ ಕಟ್ಟುನಿಟ್ಟು. ಹಾಗಾಗಿ ಒಳಗೆ ಏನಾದರೂ ಬದಲಾದರೆ, ಕರ್ನಲ್ ಜೊತೆಗೇ ಇರುವ ಡ್ರೈವರ್‌ಗಳನ್ನು ಅವರೇ ತಿದ್ದುತ್ತಾರೆ. ಹೊರಗಿನ ಡ್ರೈವರ್ ಅನಾಥ. ಅಪ್‌ಡೇಟ್ ಆದ ಮರುದಿನ ಬೆಳಿಗ್ಗೆ ಲ್ಯಾಬ್‌ನಲ್ಲಿ ಒಂದಕ್ಕೂ ನೆಟ್ ಇಲ್ಲ, ಮಕ್ಕಳು ಕಾಯುತ್ತಾ ನಿಂತಿದ್ದಾರೆ. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಪ್ರತಿ ಸಲ ನನ್ನ ಫೋನನ್ನು ಯುಎಸ್‌ಬಿಯಲ್ಲಿ ಜೋಡಿಸಿ ಒಂದೊಂದೇ ಯಂತ್ರ ಸರಿ ಮಾಡಿದೆ.

ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನು ಮಾತ್ರ ಬಿಡುವ ಕಾವಲು) ಇದ್ದ ಯಂತ್ರಗಳಲ್ಲಿ ಇನ್ನೂ ಒಂದು ಗೋಳು. ಕಂಪೈಲ್ ಆದರೂ ಸಹಿ ಇಲ್ಲದ ಮಾಡ್ಯೂಲ್ (ಕರ್ನಲ್‌ಗೆ ಸೇರುವ ಡ್ರೈವರ್ ತುಣುಕು) ಒಳಗೆ ಹೋಗುವುದಿಲ್ಲ. ಸಹಿ ಹಾಕಲು ನಮ್ಮದೇ ಮೊಕ್ ಕೀಲಿ ನೋಂದಾಯಿಸಬೇಕು. ರೀಬೂಟ್ ಆದಾಗ ಬರುವ ನೀಲಿ ಪರದೆಯಲ್ಲಿ ಪಾಸ್‌ವರ್ಡ್ ಕೊಡಬೇಕು. ಆ ಪರದೆ ತಪ್ಪಿಹೋದರೆ ಮತ್ತೆ ಮೊದಲಿಂದ.

ಎಸ್.ಪಿ. ರೋಡ್ ಗಿರಾಕಿ
ಅದಕ್ಕೆ ಸೆಕ್ಯೂರ್ ಬೂಟ್ ಆಫ್ ಮಾಡಿ ಕೈತೊಳೆದುಕೊಳ್ಳಬೇಕು ಮೇಷ್ಟ್ರೇ. ಬಯಾಸ್‌ನಲ್ಲಿ ಒಂದು ನಿಮಿಷದ ಕೆಲಸ.

ಮೈಸೂರು ಮೇಷ್ಟ್ರು
ಯಾರು ಬೇಕಾದರೂ ಪೆನ್‌ಡ್ರೈವ್ ತಂದು ಚುಚ್ಚುವ ಲ್ಯಾಬ್ ಅದು. ಆಫ್ ಮಾಡುವುದಿಲ್ಲ. ನಿಮ್ಮ ಮನೆಯ ಯಂತ್ರಕ್ಕೆ ನೀವು ಏನು ಬೇಕಾದರೂ ಮಾಡಿ.

ಗದಗ ಪ್ರೆಸ್
ಮೇಷ್ಟ್ರೇ, ನಿಮಗೆ ತಿಂಗಳ ಸಂಬಳ ಬರುತ್ತೆ, ಫೋನ್ ಜೋಡಿಸಿಕೊಂಡು ಕೂರಬಹುದು. ಅಂಗಡಿ ಇಟ್ಟವನಿಗೆ ಆ ಪುರಸೊತ್ತು ಇಲ್ಲ. ಸ್ಕ್ಯಾನರ್‌ಗೆ ಕರ್ನಲ್ ಕಾರಣವೋ ಸೇನ್ ಕಾರಣವೋ, ಓಡಲಿಲ್ಲ, ಅಷ್ಟೇ.

ಮೈಸೂರು ಮೇಷ್ಟ್ರು
ಸಂಬಳದ ಮಾತು ಬೇಡ. ಆ ಕೆಲಸವೆಲ್ಲ ಶಾಲೆ ಬಿಟ್ಟ ಮೇಲೆ ಮಾಡಿದ್ದು.

ಮ್ಯೂನಿಕ್ ಕನ್ನಡಿಗ
ಮ್ಯೂನಿಕ್ ಹೆಸರು ಬಂತು ಅಂತ ಬರೆಯುತ್ತಿದ್ದೇನೆ. ನಗರಸಭೆಯ ತೀರ್ಮಾನಕ್ಕೂ ಕರ್ನಲ್‌ಗೂ ತಳುಕು ಹಾಕಬೇಡಿ, ಅದರಲ್ಲಿ ರಾಜಕೀಯ ಬೇಕಾದಷ್ಟಿತ್ತು.

ನನ್ನದೂ ನಿದ್ದೆಯ ತೊಂದರೆಯೇ. ಮುಚ್ಚಳ ತೆರೆದರೆ ಟಚ್‌ಪ್ಯಾಡ್ ಸತ್ತಿರುತ್ತಿತ್ತು. ನಾನು ಹಳೇ ಕರ್ನಲ್‌ಗೆ ಓಡಲಿಲ್ಲ, ಹೊಸದನ್ನು ಕಾಯುತ್ತಲೂ ಕೂರಲಿಲ್ಲ. ಗಿಟ್ ಬೈಸೆಕ್ಟ್ ಮಾಡಿದೆ, ಅಂದರೆ ಯಾವ ಬದಲಾವಣೆಯಿಂದ ತಪ್ಪು ಬಂತು ಅಂತ ಹುಡುಕಿದೆ. ಒಂದೊಂದು ಆವೃತ್ತಿಯಲ್ಲೂ ಹತ್ತು ಸಾವಿರಕ್ಕೂ ಜಾಸ್ತಿ ಬದಲಾವಣೆ ಇರುತ್ತದೆ. ಆದರೆ ಪ್ರತಿ ಸಲ ಅರ್ಧಕ್ಕೆ ಸೀಳುತ್ತಾ ಹೋದರೆ ಹದಿಮೂರು ಹದಿನಾಲ್ಕು ಸುತ್ತಿಗೆ ಒಂದೇ ಒಂದು ಬದಲಾವಣೆ ಕೈಗೆ ಸಿಗುತ್ತದೆ. ಓಡುತ್ತಿರುವ ಮಾಡ್ಯೂಲ್‌ಗಳನ್ನು ಮಾತ್ರ ಇಟ್ಟುಕೊಳ್ಳುವ ಲೋಕಲ್‌ಮಾಡ್‌ಕಾನ್ಫಿಗ್ ಬಳಸಿದರೆ ಕಂಪೈಲ್ ಬೇಗ ಮುಗಿಯುತ್ತದೆ. ಸಿಕ್ಕಿದ ಬದಲಾವಣೆಯನ್ನು ಅದನ್ನು ಬರೆದವರಿಗೆ ಕಳಿಸಿದೆ. ತಿದ್ದುಪಡಿ ಬಂತು, ಸ್ಥಿರ ಸಾಲಿಗೂ ಸೇರಿತು. ಆ ಮಾಡೆಲ್ ಇರುವ ಎಲ್ಲರಿಗೂ ಈಗ ಟಚ್‌ಪ್ಯಾಡ್ ಓಡುತ್ತದೆ. ಹಳೇ ಕರ್ನಲ್‌ನಲ್ಲಿ ಕೂತವರಿಂದ ಯಾರಿಗೆ ಏನು ಉಪಯೋಗವಾಯಿತು?

ಶಿವಮೊಗ್ಗದಿಂದ
ನಮ್ಮಿಂದ ಗಿರಾಕಿಗಳ ಲೆಕ್ಕ ಸಮಯಕ್ಕೆ ಸರಿಯಾಗಿ ಸಲ್ಲಿಕೆಯಾಯಿತು. ಅದು ಸಣ್ಣ ಉಪಯೋಗ ಅಲ್ಲ. ಎಲ್ಲರಿಗೂ ಕಂಪೈಲ್ ಮಾಡುವ ವಿದ್ಯೆ ಇರಬೇಕು ಅನ್ನುವುದು ದೊಡ್ಡಸ್ತಿಕೆ.

ಮ್ಯೂನಿಕ್ ಕನ್ನಡಿಗ
ದೊಡ್ಡಸ್ತಿಕೆ ಅಲ್ಲ ಸರ್. ನೀವು ನೆಮ್ಮದಿಯಾಗಿ ಓಡಿಸುತ್ತಿರುವ ಕರ್ನಲ್ ಹೀಗೆ ಯಾರೋ ಕೂತು ಹುಡುಕಿದ್ದರಿಂದಲೇ ಸ್ಥಿರವಾಗಿದೆ.

ತುಮಕೂರಿನವರೇ, ಈ ಜಗಳದಲ್ಲಿ ನಿಮ್ಮ ಪ್ರಶ್ನೆ ಕಳೆದುಹೋಯಿತು. ಸಿಸ್ ಫೋಲ್ಡರ್ ಒಳಗೆ ಪವರ್, ಅದರೊಳಗೆ ಮೆಮ್-ಸ್ಲೀಪ್ ಫೈಲ್ ಇದೆ. ಅದರಲ್ಲಿ ಚೌಕ ಕಂಸ ಯಾವ ಪದದ ಸುತ್ತ ಇದೆ ನೋಡಿ, ಈಗಿನ ನಿದ್ದೆಯ ಬಗೆ ಅದೇ. ವೈಫೈಗೆ ನೆಟ್‌ವರ್ಕ್ ಮ್ಯಾನೇಜರ್‌ನ ಪವರ್‌ಸೇವ್ ಫೈಲ್‌ನಲ್ಲಿ 3 ಇದ್ದದ್ದನ್ನು 2 ಮಾಡಿ, ವಿದ್ಯುತ್ ಉಳಿತಾಯ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ತುಮಕೂರಿನ ಓದುಗಿ
ಮೊದಲು 6.8ರಲ್ಲಿ ಬೂಟ್ ಮಾಡಿ ನೋಡಿದೆ, ಎರಡೂ ತೊಂದರೆ ಇಲ್ಲ. ಮತ್ತೆ 6.14ಕ್ಕೆ ಬಂದು ವೈಫೈನ ಉಳಿತಾಯ ನಿಲ್ಲಿಸಿದೆ. ನಿನ್ನೆಯಿಂದ ಬಿಟ್ಟುಹೋಗಿಲ್ಲ. ಕಾರ್ಡ್ ಕೊಳ್ಳುವುದಿಲ್ಲ. ಮೆಮ್-ಸ್ಲೀಪ್‌ನಲ್ಲಿ ಡೀಪ್ (ಆಳವಾದ ನಿದ್ದೆ) ಸುತ್ತ ಕಂಸ ಇತ್ತು. ಅದನ್ನು ಎಸ್2ಐಡಲ್ (ಹಗುರ ನಿದ್ದೆ) ಮಾಡಿದರೆ ಎದ್ದು ಬರುತ್ತದೆ, ಆದರೆ ಮುಚ್ಚಿಟ್ಟಾಗ ಬ್ಯಾಟರಿ ಬೇಗ ಇಳಿಯುತ್ತದೆ. ಅಪ್ಪ ದಿನವೂ ಊರಿಂದ ಊರಿಗೆ ಓಡಾಡುತ್ತಾರೆ, ಅವರಿಗೆ ಬ್ಯಾಟರಿ ಮುಖ್ಯ. ಈಗ 6.8ರಲ್ಲೇ ಇಟ್ಟಿದ್ದೇನೆ.

ಶಿವಮೊಗ್ಗದಿಂದ
ಸರಿಯಾಗಿ ಮಾಡಿದಿರಿ ತಂಗಿ. ಅಪ್‌ಡೇಟ್ ಮ್ಯಾನೇಜರ್‌ನಲ್ಲಿ 6.14 ತೆಗೆದುಹಾಕಿ. ಇಲ್ಲದಿದ್ದರೆ ಗ್ರಬ್ ಪ್ರತಿ ಸಲ ಅದನ್ನೇ ಮೊದಲು ಎತ್ತಿಕೊಳ್ಳುತ್ತದೆ.

ಹುಬ್ಬಳ್ಳಿ ಎನ್‌ವಿಎಂಇ
ತೆಗೆಯಿರಿ, ಆದರೆ 6.8ರ ತೇಪೆಗಳನ್ನು ಬರುವ ಹಾಗೆಯೇ ಹಾಕುತ್ತಿರಿ. ಕಟ್ಟಿಹಾಕುವುದು ಅಂದರೆ ಅಪ್‌ಡೇಟ್ ಪೂರ್ತಿ ನಿಲ್ಲಿಸುವುದು ಅಂತ ತಿಳಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ.

ಮ್ಯೂನಿಕ್ ಕನ್ನಡಿಗ
ಅಪ್ಪನಿಗೆ ಬಿಡುವಿರುವ ಭಾನುವಾರ ಒಮ್ಮೆ 6.11 ಹಾಕಿ ನೋಡಿ. ಅದರಲ್ಲಿ ನಿದ್ದೆಯಿಂದ ಎದ್ದರೆ ತಪ್ಪು 6.12ರಿಂದ ಈಚೆಗೆ ನುಸುಳಿದೆ ಅಂತ ಗೊತ್ತಾಗುತ್ತದೆ. ಅಷ್ಟು ಹೇಳಿ, ಬೈಸೆಕ್ಟ್ ನಾನು ಜೊತೆಗೆ ಕೂತು ಮಾಡಿಸುತ್ತೇನೆ.